‘ಇದು ಬುಕಿಂಗ್ ಅಲ್ಲ, ರಿಸಲ್ಟ್ ಪಟ್ಟಿ’ ಅಂತಾರೆ. ಎಲ್ಲಿ ತಿದ್ದಲಿ?

ಪ್ರಶ್ನೆ: ಡಬ್ಲ್ಯೂಡಬ್ಲ್ಯೂಇ ಕುಸ್ತಿಯ 2011ರ ಸಿ.ಎಂ. ಪಂಕ್ ಕಥೆಯನ್ನು ನನ್ನ ಪ್ರಕಾರ ಮತ್ತೆ ಬುಕ್ ಮಾಡಿದ್ದೇನೆ, ಅಂದರೆ ಯಾರು ಯಾಕೆ ಗೆಲ್ಲಬೇಕು ಅನ್ನುವ ಕಥೆಯನ್ನು ಹೊಸದಾಗಿ ಹೆಣೆದಿದ್ದೇನೆ. ಮನಿ ಇನ್ ದ ಬ್ಯಾಂಕ್ ಶೋನಲ್ಲಿ ಚಾಂಪಿಯನ್ ಬೆಲ್ಟ್ ಗೆದ್ದು ಕಂಪನಿ ಬಿಟ್ಟು ಹೋದ ಪಂಕ್ ನವೆಂಬರ್‌ನ ಸರ್ವೈವರ್ ಸೀರೀಸ್‌ವರೆಗೆ ವಾಪಸ್ ಬರುವುದಿಲ್ಲ. ಅಷ್ಟರಲ್ಲಿ ರೇ ಮಿಸ್ಟೀರಿಯೋ ಚಾಂಪಿಯನ್ ಆಗುತ್ತಾನೆ, ಸಮ್ಮರ್‌ಸ್ಲ್ಯಾಮ್‌ನಲ್ಲಿ ಮಿಜ್ ಗೆಲ್ಲುತ್ತಾನೆ, ನೈಟ್ ಆಫ್ ಚಾಂಪಿಯನ್ಸ್‌ನಲ್ಲಿ ಜಾನ್ ಸೀನಾ ಹೀಲ್ (ಖಳ) ಆಗಿ ಬೆಲ್ಟ್ ಕಸಿಯುತ್ತಾನೆ, ಕೊನೆಗೆ ಪಂಕ್ ಬಂದು ಸೀನಾನನ್ನು ಸೋಲಿಸುತ್ತಾನೆ. ಓದಿದವರೆಲ್ಲ ‘ಐಡಿಯಾ ಚೆನ್ನಾಗಿದೆ, ಆದರೆ ಇದು ಬುಕಿಂಗ್ ಅಲ್ಲ, ರಿಸಲ್ಟ್ ಪಟ್ಟಿ’ ಅನ್ನುತ್ತಾರೆ. ತಪ್ಪು ಎಲ್ಲಿದೆ?

ಉತ್ತರ: ಅವರು ಹೇಳಿದ್ದು ನಿಜ. ಆದರೆ ಅಷ್ಟೇ ಹೇಳಿ ಎದ್ದು ಹೋದರೆ ತಿದ್ದುವವರ ಕೈಗೆ ಏನೂ ಸಿಗುವುದಿಲ್ಲ. ‘ಸಾರು ರುಚಿಯಿಲ್ಲ’ ಅಂದರೆ ಸಾಲದು. ಉಪ್ಪು ಕಮ್ಮಿಯೋ ಹುಳಿ ಕಮ್ಮಿಯೋ ಹೇಳಬೇಕು.

ನಿಮ್ಮ ಕಥೆಯಲ್ಲಿ ನಾಲ್ಕು ಗೆಲುವುಗಳಿವೆ: ರೇ, ಮಿಜ್, ಸೀನಾ, ಪಂಕ್. ಒಂದು ಹಾಳೆಯ ಎಡಗಡೆ ಇವನ್ನು ಬರೆಯಿರಿ. ಬಲಗಡೆ ಪ್ರತಿ ಸಲ ಸೋತವನ ಹೆಸರು. ಅದರ ಮುಂದೆ, ಮರುದಿನ ಸೋಮವಾರದ ಟಿವಿ ಶೋ ‘ರಾ’ದಲ್ಲಿ ಅವನು ಮೈಕ್ ಹಿಡಿದು ಏನು ಹೇಳುತ್ತಾನೆ ಅನ್ನುವುದನ್ನು ಒಂದೇ ವಾಕ್ಯದಲ್ಲಿ ತುಂಬಿಸಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅಲ್ಲಿ ನಿಮ್ಮ ಬುಕಿಂಗ್ ನಿಂತಿದೆ. ರೇ ಯಾರನ್ನು ಸೋಲಿಸಿ ಚಾಂಪಿಯನ್ ಆದ ಅನ್ನುವುದನ್ನೇ ನೀವು ಬರೆದಿಲ್ಲ, ಅಂದರೆ ಮೊದಲ ಸಾಲೇ ಖಾಲಿ.

ಸೋತವನ ಸಾಲಿಗೆ ಇಷ್ಟು ತೂಕ ಯಾಕೆ ಅನ್ನುವುದಕ್ಕೆ ಹಳೆಯದೊಂದು ಪಂದ್ಯ ನೋಡಿ. 1997ರ ಮಾರ್ಚ್ 23, ಶಿಕಾಗೊ ಪಕ್ಕದ ರೋಸ್‌ಮಾಂಟ್, ರೆಸಲ್‌ಮೇನಿಯಾ 13. ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್ ನಡುವೆ ಸಬ್‌ಮಿಷನ್ ಮ್ಯಾಚ್, ಅಂದರೆ ಎದುರಾಳಿಯ ಬಾಯಲ್ಲಿ ‘ಸೋತೆ’ ಅನ್ನಿಸಬೇಕಾದ ಪಂದ್ಯ. ಪಟ್ಟಿಯಲ್ಲಿ ‘ಬ್ರೆಟ್ ಗೆದ್ದ’ ಅಂತಷ್ಟೇ ಇರುತ್ತದೆ. ರಿಂಗ್‌ನಲ್ಲಿ ಆದದ್ದು ಬೇರೆ. ಮುಖದ ತುಂಬ ರಕ್ತ ಸುರಿಯುತ್ತಿದ್ದ ಆಸ್ಟಿನ್ ಬ್ರೆಟ್‌ನ ಶಾರ್ಪ್‌ಶೂಟರ್ ಹಿಡಿತದಲ್ಲಿ ಸಿಕ್ಕಿ ಎಚ್ಚರ ತಪ್ಪಿದ, ಆದರೆ ಸೋತೆ ಅನ್ನಲಿಲ್ಲ. ರೆಫರಿಯಾಗಿದ್ದ ಕೆನ್ ಶ್ಯಾಮ್‌ರಾಕ್ ಪಂದ್ಯ ನಿಲ್ಲಿಸಬೇಕಾಯಿತು. ಬೆಲ್ ಆದ ಮೇಲೂ ಬ್ರೆಟ್ ಹೊಡೆತ ಬಿಡಲಿಲ್ಲ. ಆಸ್ಟಿನ್ ಯಾರ ಸಹಾಯವನ್ನೂ ಒಲ್ಲೆನೆಂದು ತಾನೇ ನಡೆದು ಹೋದ. ಒಳಗೆ ಬರುವಾಗ ಬ್ರೆಟ್ ಫೇಸ್ (ನಾಯಕ), ಆಸ್ಟಿನ್ ಹೀಲ್. ಹೊರಗೆ ಹೋಗುವಾಗ ತಿರುವುಮುರುವು. ಮುಂದಿನ ಕೆಲವು ವರ್ಷ ಕಂಪನಿಯನ್ನು ಹೊತ್ತು ನಡೆದದ್ದು ಆ ರಾತ್ರಿ ಸೋತವನು.

ಇದರ ಉಲ್ಟಾ ಉದಾಹರಣೆ 2019ರಲ್ಲಿದೆ. ಫೆಬ್ರವರಿಯಲ್ಲಿ ಮುಸ್ತಫಾ ಅಲಿ ಗಾಯಗೊಂಡಾಗ ಬದಲಿಯಾಗಿ ಬಂದ ಕೋಫಿ ಕಿಂಗ್‌ಸ್ಟನ್ ಒಬ್ಬರಾದ ಮೇಲೊಬ್ಬರು ಎದುರಾಳಿ ಬರುವ ಗಾಂಟ್ಲೆಟ್ ಮ್ಯಾಚ್‌ನಲ್ಲಿ ಸುಮಾರು ಒಂದು ಗಂಟೆ ನಿಂತು ಜನರನ್ನು ಗೆದ್ದ. ಏಪ್ರಿಲ್ 7ರ ರೆಸಲ್‌ಮೇನಿಯಾ 35ರಲ್ಲಿ ಡೇನಿಯಲ್ ಬ್ರಯನ್‌ನನ್ನು ಸೋಲಿಸಿ ಚಾಂಪಿಯನ್ ಆದ. ಅಕ್ಟೋಬರ್ 4ರಂದು ಬ್ರಾಕ್ ಲೆಸ್ನರ್ ಅವನನ್ನು ಹತ್ತು ಸೆಕೆಂಡಿನೊಳಗೆ ಮುಗಿಸಿದ. ಬೈಯುವವರೆಲ್ಲ ಆ ಹತ್ತು ಸೆಕೆಂಡನ್ನೇ ಬೈಯುತ್ತಾರೆ. ಆದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಸೋಲುವುದರಿಂದಲೂ ದೊಡ್ಡ ಕಥೆ ಶುರುವಾಗಬಹುದು. ಅವಮಾನಕ್ಕಿಂತ ಒಳ್ಳೆಯ ಕಾರಣ ಬೇಕೇ? ಕೆಟ್ಟದ್ದು ಆಮೇಲಿನದು. ಅದೇ ರಾತ್ರಿ ಕೇನ್ ವೆಲಾಸ್ಕೆಜ್ ಬಂದು ಲೆಸ್ನರ್ ಎದುರು ನಿಂತ, ಕೋಫಿ ರೀಮ್ಯಾಚ್ ಇಲ್ಲದೆ ಟ್ಯಾಗ್ ಟೀಮ್‌ಗೆ ಮರಳಿದ. ಆರು ತಿಂಗಳ ಚಾಂಪಿಯನ್‌ನ ಸಾಲು ಖಾಲಿ ಉಳಿಯಿತು.

ಈಗ ಆ ನಾಲ್ಕಕ್ಕೂ ಮೊದಲಿನ ಸೋಲಿಗೆ ಬನ್ನಿ: ಮನಿ ಇನ್ ದ ಬ್ಯಾಂಕ್‌ನಲ್ಲಿ ಸೀನಾ ಪಂಕ್‌ಗೆ ಸೋತದ್ದು. ಇದರಲ್ಲೇ ಚಿನ್ನವಿದೆ, ನೀವು ಅದರ ಮೇಲೇ ಕಾಲಿಟ್ಟು ದಾಟಿದ್ದೀರಿ. ಜುಲೈ 17ರ ಆ ಪಂದ್ಯದ ಕೊನೆಯಲ್ಲಿ ಸೀನಾ ಪಂಕ್‌ನನ್ನು ಎಸ್‌ಟಿಎಫ್‌ನಲ್ಲಿ ಹಿಡಿದಿದ್ದ. ಬೆಲ್ ಬಾರಿಸಿ ಮುಗಿಸಿಬಿಡು ಅಂತ ಆಗ ಕಂಪನಿಯ ಮುಖ್ಯಸ್ಥನಾಗಿದ್ದ ವಿನ್ಸ್ ಮೆಕ್‌ಮಹೊನ್ ತನ್ನ ಅಧಿಕಾರಿ ಜಾನ್ ಲೌರಿನೈಟಿಸ್‌ನನ್ನು ಕಳಿಸಿದ. ಸೀನಾ ಹಿಡಿತ ಬಿಟ್ಟು ಹೊರಗೆ ಬಂದು ಲೌರಿನೈಟಿಸ್‌ಗೆ ಬಾರಿಸಿದ: ಮೋಸದ ಗೆಲುವು ಬೇಡ ಎಂದು. ತಿರುಗಿ ರಿಂಗ್‌ಗೆ ಹೋದವನನ್ನು ಪಂಕ್ ತನ್ನ ಜಿಟಿಎಸ್ ಏಟು ಹೊಡೆದು ಮಲಗಿಸಿದ. ಅಂದರೆ ಸೀನಾ ಸೋತದ್ದು ನ್ಯಾಯವಾಗಿ ನಡೆದುಕೊಂಡದ್ದಕ್ಕೆ, ಅದೂ ಸೋತರೆ ಕೆಲಸ ಹೋಗುತ್ತದೆ ಅನ್ನುವ ಷರತ್ತಿನ ಮೇಲೆ. ಅವನ ಸಾಲಿನಲ್ಲಿ ಬರೆಯಬೇಕಾದ ವಾಕ್ಯ ಸಿದ್ಧವೇ ಇದೆ: ‘ನಾನು ಸರಿಯಾದದ್ದನ್ನೇ ಮಾಡಿದೆ, ಅದಕ್ಕೇ ಕಳೆದುಕೊಂಡೆ.’ ಒಂಬತ್ತು ವಾರ ಎಳೆಯಬಲ್ಲ ವಾಕ್ಯ ಇದು. ನಿಮ್ಮಲ್ಲಿ ಎರಡು ತಿಂಗಳ ನಂತರ ಸೀನಾ ಹೀಲ್ ಆಗುವಾಗ ಈ ಗಾಯದ ಹೆಸರೇ ಬರುವುದಿಲ್ಲ. ಹೀಲ್ ಟರ್ನ್‌ಗೆ ಕಾರಣ ಬೇಕು, ಆ ಕಾರಣ ತೆರೆಯ ಮೇಲೆ ಆಗಲೇ ಕಂಡಿರಬೇಕು.

ಹಾಗಂತ ಸೀನಾನನ್ನು ಹೀಲ್ ಮಾಡಿ ಎಂದು ಹೇಳುತ್ತಿಲ್ಲ. 2012ರ ಏಪ್ರಿಲ್ 1ರಂದು ಮಯಾಮಿಯಲ್ಲಿ ಸೀನಾ-ರಾಕ್ ಪಂದ್ಯ ಎಂದು ವರ್ಷ ಮೊದಲೇ ಘೋಷಣೆಯಾಗಿತ್ತು. ಅರ್ಧ ಜನ ಸೀನಾ ಕಡೆ, ಅರ್ಧ ಜನ ರಾಕ್ ಕಡೆ ಕೂಗಬೇಕು ಅನ್ನುವುದೇ ಆ ಪಂದ್ಯದ ಜೀವ. ಸೆಪ್ಟೆಂಬರ್‌ನಲ್ಲಿ ಸೀನಾ ಹೀಲ್ ಆದರೆ ಆ ಸೀಳು ಮುಚ್ಚಿಹೋಗುತ್ತದೆ. ಕಥೆ ಬದಲಿಸಲು ನಿಮಗೆ ಸ್ವಾತಂತ್ರ್ಯವಿದೆ, ಆಗ ಮಯಾಮಿಯ ಪಂದ್ಯವನ್ನೂ ನೀವೇ ಬದಲಿಸಿ ಬರೆಯಬೇಕು.

ಮುಂದಿನದು ಕ್ಯಾಲೆಂಡರ್. ಜುಲೈ 17ರಿಂದ ನವೆಂಬರ್ 20ಕ್ಕೆ ಸರಿಯಾಗಿ 18 ವಾರ, ಅಂದರೆ 18 ರಾ. ನಡುವೆ ನಾಲ್ಕು ಪೇ-ಪರ್-ವ್ಯೂ (ದುಡ್ಡು ಕೊಟ್ಟು ನೋಡುವ ದೊಡ್ಡ ಶೋ): ಆಗಸ್ಟ್ 14ಕ್ಕೆ ಸಮ್ಮರ್‌ಸ್ಲ್ಯಾಮ್, ಸೆಪ್ಟೆಂಬರ್ 18ಕ್ಕೆ ನೈಟ್ ಆಫ್ ಚಾಂಪಿಯನ್ಸ್, ಅಕ್ಟೋಬರ್ 2ಕ್ಕೆ ಹೆಲ್ ಇನ್ ಎ ಸೆಲ್, ಅಕ್ಟೋಬರ್ 23ಕ್ಕೆ ವೆಂಜನ್ಸ್. ನಿಮ್ಮ ಪಟ್ಟಿಯಲ್ಲಿ ಅಕ್ಟೋಬರ್‌ನ ಎರಡೂ ಇಲ್ಲ. ಹೊಸ ಹೀಲ್ ಸೀನಾ ಆ ಒಂಬತ್ತು ವಾರ ಯಾರ ಜೊತೆ ಆಡುತ್ತಾನೆ?

ಇನ್ನೂ ಒಂದನ್ನು ಮರೆತಿದ್ದೀರಿ, ಪಂಕ್ ಕಥೆ ಮರುಬರೆಯುವ ಬಹಳ ಜನ ಮರೆಯುವುದೇ ಅದು: ಆಲ್ಬರ್ಟೋ ಡೆಲ್ ರಿಯೊ ಕೈಯಲ್ಲಿರುವ ಬ್ರೀಫ್‌ಕೇಸ್. ಅದೇ ಜುಲೈ 17ರಂದು ಅವನು ರಾ ಕಡೆಯ ಲ್ಯಾಡರ್ ಮ್ಯಾಚ್ ಗೆದ್ದು ಅದನ್ನು ಪಡೆದಿದ್ದ. ಅದು ಇದ್ದವನು ಬೇಕಾದಾಗ ಬಂದು ಚಾಂಪಿಯನ್ ಜೊತೆ ಪಂದ್ಯ ಕೇಳಬಹುದು, ಅದಕ್ಕೇ ಕ್ಯಾಶ್-ಇನ್ ಅನ್ನುವುದು. ಚಾಂಪಿಯನ್ ನೆಲಕ್ಕೆ ಬಿದ್ದ ಪ್ರತಿ ರಾತ್ರಿಯೂ ನೋಡುವವರ ಕಣ್ಣು ಎಂಟ್ರೆನ್ಸ್ ಕಡೆ ಹೋಗುತ್ತದೆ. ಅವನನ್ನು ಬಳಸಿ, ಇಲ್ಲವೇ ಕ್ಯಾಶ್-ಇನ್ ಮಾಡಲು ಬಂದು ಸೋಲುವಂತೆ ಮಾಡಿ. ಇದ್ದಾನೆ ಅನ್ನುವುದನ್ನೇ ಮರೆಯಬೇಡಿ.

ನಿಜವಾಗಿ ಆದದ್ದೇನು? ಪಂಕ್ ಎಂಟೇ ದಿನದಲ್ಲಿ ಮರಳಿದ. ಜುಲೈ 25ರ ರಾ ಶೋನಲ್ಲಿ ರೇ ಹೊಸ ಚಾಂಪಿಯನ್‌ನನ್ನು ಆರಿಸುವ ಟೂರ್ನಮೆಂಟ್‌ನ ಫೈನಲ್‌ನಲ್ಲಿ ಮಿಜ್‌ನನ್ನು ಸೋಲಿಸಿ ಬೆಲ್ಟ್ ಗೆದ್ದ, ಅದೇ ರಾತ್ರಿ ಸೀನಾಗೆ ಸೋತ, ಆಮೇಲೆ ಪಂಕ್ ತನ್ನ ಬೆಲ್ಟ್ ಹಿಡಿದು ಬಂದ. ಸಮ್ಮರ್‌ಸ್ಲ್ಯಾಮ್‌ನಲ್ಲಿ ಸೀನಾನ ಕಾಲು ಹಗ್ಗದ ಮೇಲಿದ್ದಾಗಲೇ (ಆಗ ಎಣಿಸುವಂತಿಲ್ಲ) ರೆಫರಿ ಟ್ರಿಪಲ್ ಎಚ್ ಮೂರು ಎಣಿಸಿದ, ಪಂಕ್ ಗೆದ್ದ. ಕೂಡಲೇ ಕೆವಿನ್ ನ್ಯಾಶ್ ಬಂದು ಪಂಕ್‌ನನ್ನು ಕೆಡವಿದ. ಡೆಲ್ ರಿಯೊ ಕ್ಯಾಶ್-ಇನ್ ಮಾಡಿದ. ಆಮೇಲೆ ಬೆಲ್ಟ್ ಸೀನಾಗೆ, ಮತ್ತೆ ಡೆಲ್ ರಿಯೊಗೆ, ನವೆಂಬರ್ 20ಕ್ಕೆ ಮತ್ತೆ ಪಂಕ್‌ಗೆ. ಎಂಟು ದಿನ ತೀರಾ ಕಮ್ಮಿ ಅನ್ನುವ ನಿಮ್ಮ ಅನಿಸಿಕೆ ಸರಿ. ಆದರೆ ಹದಿನೆಂಟು ವಾರ ಜಾಸ್ತಿಯಾಯಿತು. ತೆರೆಯ ಮೇಲಿಲ್ಲದವನಿಗಾಗಿ ಜನ ನಾಲ್ಕು ತಿಂಗಳು ಬಿಸಿಯಾಗಿ ಕಾಯುವುದಿಲ್ಲ.

ನಮ್ಮ ಸಲಹೆ: ಮರಳುವುದು ಸೆಪ್ಟೆಂಬರ್ 18ಕ್ಕೆ. ಒಂಬತ್ತು ವಾರ. ಅಷ್ಟರಲ್ಲಿ ಎರಡು-ಮೂರು ವಾರಕ್ಕೊಮ್ಮೆ ಅವನ ನೆರಳು ಕಾಣಬೇಕು, ಪ್ರತಿ ಸಲ ಎರಡು ನಿಮಿಷಕ್ಕಿಂತ ಹೆಚ್ಚು ಬೇಡ. ಮೊದಲನೆಯದು ಆಗಲೇ ಸಿಕ್ಕಿದೆ: ಆ ಜುಲೈನಲ್ಲೇ ಪಂಕ್ ಸ್ಯಾನ್ ಡಿಯಾಗೊದ ಕಾಮಿಕ್-ಕಾನ್‌ನಲ್ಲಿ ಬೆಲ್ಟ್ ಸಮೇತ ಕಾಣಿಸಿಕೊಂಡಿದ್ದ. ಎರಡನೆಯದು ಒಂದು ವಿಡಿಯೊ. ಮೂರನೆಯದರಲ್ಲಿ ಟಿಕೆಟ್ ಕೊಂಡು ಮುಂದಿನ ಸಾಲಲ್ಲಿ ಕೂತಿರಲಿ, ಮಾತೇ ಬೇಡ. ಈ ನಡುವೆ ಟೂರ್ನಮೆಂಟ್ ಒಂದೇ ವಾರಕ್ಕೆ ಮುಗಿಸದೆ ಸಮ್ಮರ್‌ಸ್ಲ್ಯಾಮ್‌ವರೆಗೆ ಎಳೆಯಿರಿ, ಅಲ್ಲಿ ರೇ ಗೆಲ್ಲಲಿ, ಡೆಲ್ ರಿಯೊ ಕ್ಯಾಶ್-ಇನ್ ಮಾಡಲಿ. ಆಗ ಸಿಗುವ ಪ್ರಶ್ನೆ ಚೊಕ್ಕ: ಯಾರ ಬೆಲ್ಟ್ ಅಸಲಿ?

ರೇಗೆ ಉದ್ದದ ಕಥೆ ಬರೆದಿದ್ದರೆ ಪಕ್ಕದಲ್ಲಿ ಬದಲಿಯ ಹೆಸರೂ ಇರಲಿ. ನಿಜದಲ್ಲಿ ಅವನು ಆ ಆಗಸ್ಟ್‌ನಲ್ಲೇ ಮೊಣಕಾಲಿನ ಗಾಯದಿಂದ ಹೊರಗೆ ಹೋಗಿ, ಮರಳಿದ್ದು 2012ರ ಜುಲೈನಲ್ಲಿ.

ಸಮಯದ ಲೆಕ್ಕ ಕೂಡ ಹಾಕಿ. 2011ರಲ್ಲಿ ರಾ ಎರಡು ಗಂಟೆಯದು. ಮೂರು ಗಂಟೆ ಆದದ್ದು 2012ರ ಜುಲೈನಿಂದ. ಜಾಹೀರಾತು ಕಳೆದರೆ ಸುಮಾರು ಒಂದೂವರೆ ಗಂಟೆ ಉಳಿಯುತ್ತದೆ. ಆರಂಭದ ಪ್ರೋಮೋ (ಮೈಕ್ ಹಿಡಿದು ಆಡುವ ಮಾತು) 12 ನಿಮಿಷ, ಮೇನ್ ಇವೆಂಟ್ ಎಂಟ್ರಿ ಸೇರಿ 20. ಐದು ನಿಮಿಷದ ಪಂದ್ಯ ಎಂಟ್ರಿ, ರೀಪ್ಲೇ ಸೇರಿ ಎಂಟು ನಿಮಿಷ ತಿನ್ನುತ್ತದೆ, ಅಂಥವು ಐದಾದರೆ 40. ಉಳಿದದ್ದರಲ್ಲಿ ಬ್ಯಾಕ್‌ಸ್ಟೇಜ್ ಮಾತು. ಒಂದೇ ರಾ ಶೋನಲ್ಲಿ ಒಂಬತ್ತು ಪಂದ್ಯ, ನಾಲ್ಕು ಪ್ರೋಮೋ ಬರೆದವರು ಗಡಿಯಾರ ನೋಡಿಲ್ಲ. ಜುಲೈ 17ರ ಪೇ-ಪರ್-ವ್ಯೂನಲ್ಲಿ ಇದ್ದದ್ದು ಆರೇ ಪಂದ್ಯ. ಅದಕ್ಕೇ ಪಂಕ್-ಸೀನಾಗೆ ಅರ್ಧ ಗಂಟೆಗೂ ಮೀರಿ ಸಿಕ್ಕಿತು.

ಪಂದ್ಯದ ಕ್ರಮವೂ ನೋಡಿ. 2002ರ ರೆಸಲ್‌ಮೇನಿಯಾದಲ್ಲಿ ಟೊರಾಂಟೊದ ಜನ ರಾಕ್-ಹೋಗನ್ ಪಂದ್ಯಕ್ಕೆ ಗಂಟಲು ಹರಿದುಕೊಂಡರು. ಆಮೇಲೆ ಬಂದ ಮಹಿಳಾ ಪಂದ್ಯವೂ, ಅದರ ನಂತರದ ಜೆರಿಕೊ-ಟ್ರಿಪಲ್ ಎಚ್ ಮೇನ್ ಇವೆಂಟೂ ತಣ್ಣಗೆ ಸಾಗಿದವು.

ಫೀಡ್‌ಬ್ಯಾಕ್ ಕೇಳುವ ರೀತಿ ಬದಲಿಸಿದರೆ ಸಿಗುವ ಉತ್ತರವೂ ಬದಲಾಗುತ್ತದೆ. ‘ಹೇಗಿದೆ?’ ಅಂದರೆ ‘ಚೆನ್ನಾಗಿದೆ’ ಅನ್ನುತ್ತಾರೆ, ಇಲ್ಲವೇ ‘ನಾನಾಗಿದ್ದರೆ ಜಿಗ್ಲರ್‌ನನ್ನು ಗೆಲ್ಲಿಸುತ್ತಿದ್ದೆ’ ಅಂತ ತಮ್ಮ ಕಥೆ ಶುರು ಮಾಡುತ್ತಾರೆ. ಈ ಎರಡನೆಯದು ಫೀಡ್‌ಬ್ಯಾಕ್ ಅಲ್ಲ, ಇಷ್ಟದ ಕುಸ್ತಿಪಟುವಿನ ಪ್ರಚಾರ, ನಗುತ್ತಾ ಬದಿಗಿಡಿ. ನೀವು ಬೇರೆಯವರ ಬುಕಿಂಗ್ ಓದುವಾಗಲೂ ಅದನ್ನು ಮಾಡಬೇಡಿ. ಅವರು ಆರಿಸಿದ ವಿಜೇತನನ್ನು ಒಪ್ಪಿಕೊಂಡೇ, ಅಲ್ಲಿಗೆ ಹೋಗುವ ದಾರಿಯಲ್ಲಿ ಗುಂಡಿ ಎಲ್ಲಿದೆ ತೋರಿಸಿ. ‘ಆಗಸ್ಟ್ 14ರಂದು ಸೋತ ರೇ ಮತ್ತೆ ಬರುವುದೇ ಇಲ್ಲ’ ಅಂತ ತಾರೀಕು ಹಿಡಿದು ಹೇಳಿದರೆ ಬರೆದವರು ಆ ರಾತ್ರಿಯೇ ತಿದ್ದಬಹುದು. ರನ್-ಇನ್ ಎಣಿಸಿ ಹೇಳುವುದೂ ಉಪಯುಕ್ತ: ಒಂದು ಪೇ-ಪರ್-ವ್ಯೂನಲ್ಲಿ ಎರಡನೇ ಸಲ ಹೊರಗಿನವನು ಬಂದು ಪಂದ್ಯ ಕೆಡಿಸಿದರೆ ಮೊದಲನೆಯದರ ಬೆಲೆಯೂ ಹೋಗುತ್ತದೆ.

ಎರಡನೇ ಡ್ರಾಫ್ಟ್ ಓದಲು ಕೊಡುವಾಗ ಕೊನೆಯ ಪಂದ್ಯದ ಫಲಿತಾಂಶ ಅಳಿಸಿ ಕೊಡಿ. ಯಾರು ಗೆಲ್ಲಬಹುದು ಅಂತ ಕೇಳಿ, ಆಮೇಲೆ ಯಾರು ಗೆಲ್ಲಬೇಕು ಅಂತ ಕೇಳಿ. ಎಲ್ಲರೂ ಪಂಕ್ ಹೆಸರನ್ನೇ ಊಹಿಸಿದರೆ ಹೆದರಬೇಡಿ. ಕೀಚಕ ಸಾಯುತ್ತಾನೆಂದು ಗೊತ್ತಿದ್ದೇ ಜನ ಬೆಳಗಿನವರೆಗೆ ಯಕ್ಷಗಾನ ನೋಡುತ್ತಾರೆ. ‘ಯಾರು ಗೆದ್ದರೂ ಸರಿ’ ಅಂದರೆ ಮಾತ್ರ ತೊಂದರೆ. ಆಗ ಹಾಳೆ ಅವರ ಕೈಗೇ ಕೊಟ್ಟು, ಯಾವ ತಾರೀಕಿನಲ್ಲಿ ಆಸಕ್ತಿ ಬಿಟ್ಟಿತು ಅಂತ ಗೆರೆ ಎಳೆಯಲು ಹೇಳಿ. ಈಗಿನ ಡ್ರಾಫ್ಟ್‌ನಲ್ಲಾದರೆ ಆ ಗೆರೆ ಅಕ್ಟೋಬರ್ 2ರ ಆಸುಪಾಸಿನಲ್ಲೇ ಬೀಳುತ್ತದೆ. ಅಲ್ಲಿಂದ ಮುಂದಿನದನ್ನು ಮಾತ್ರ ಹೊಸದಾಗಿ ಬರೆಯಿರಿ.