ಹರಿದ ಸ್ನಾಯುರಜ್ಜು, ಐದು ವರ್ಷದ ಲೆಕ್ಕ

2025ರ ಏಪ್ರಿಲ್ 27, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್‌ನ (ಪ್ರಶಸ್ತಿಗಾಗಿ ನಡೆಯುವ ಕೊನೆಯ ಹಂತ) ಮೊದಲ ಸುತ್ತು. ಮಿಲ್ವಾಕಿ ಬಕ್ಸ್ ತಂಡಕ್ಕೆ ಎದುರಾಳಿ ಇಂಡಿಯಾನಾ ಪೇಸರ್ಸ್. ಮೊದಲ ಕ್ವಾರ್ಟರ್ ಮುಗಿಯುವ ಮುಂಚೆಯೇ ಬಕ್ಸ್‌ನ ಡೇಮಿಯನ್ ಲಿಲ್ಲಾರ್ಡ್ ಯಾರ ಮೈಯೂ ತಾಗದೆ ಕುಸಿದರು. ಎಡಗಾಲಿನ ಅಕಿಲೀಸ್ ಸ್ನಾಯುರಜ್ಜು ಹರಿದಿತ್ತು. ಅವರಿಗಾಗ 34 ವರ್ಷ. ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 36 ನಿಮಿಷ ಆಡಿ 24.9 ಅಂಕ, 7.1 ಅಸಿಸ್ಟ್ (ಸಹ ಆಟಗಾರನ ಅಂಕಕ್ಕೆ ಕಾರಣವಾದ ಪಾಸ್) ಗಳಿಸಿದ್ದ ಆಟಗಾರ. ಒಪ್ಪಂದದಲ್ಲಿ ಇನ್ನೂ ಎರಡು ವರ್ಷ, ಸುಮಾರು 11.3 ಕೋಟಿ ಡಾಲರ್ ಬಾಕಿಯಿತ್ತು.

ಅಂದಿನಿಂದ ಎರಡು ಲೆಕ್ಕಗಳು ಒಟ್ಟಿಗೆ ಶುರುವಾದವು. ಒಂದು ಕಾಲಿನದು, ಇನ್ನೊಂದು ಸಂಬಳದ್ದು. ಇವೆರಡರ ಅವಧಿ ಒಂದಕ್ಕೊಂದು ಹೊಂದುವುದಿಲ್ಲ. ಹಿರಿಯ ಆಟಗಾರ ಗಾಯಗೊಂಡಾಗ ತಂಡ ಕಟ್ಟುವವರು ಪೇಚಿಗೆ ಸಿಲುಕುವುದೇ ಇಲ್ಲಿ.

ಮೊದಲು ಕಾಲಿನ ಲೆಕ್ಕ. ಮೀನಖಂಡದ ಗ್ಯಾಸ್ಟ್ರೋಕ್ನೀಮಿಯಸ್ ಮತ್ತು ಸೋಲಿಯಸ್ ಎಂಬ ಎರಡು ಸ್ನಾಯುಗಳು ಕೆಳಗೆ ಬಂದು ಒಂದೇ ರಜ್ಜುವಾಗಿ ಹಿಮ್ಮಡಿಯ ಮೂಳೆಗೆ ಅಂಟಿಕೊಳ್ಳುತ್ತವೆ. ದೇಹದಲ್ಲಿ ಇದಕ್ಕಿಂತ ದಪ್ಪದ ಸ್ನಾಯುರಜ್ಜು ಇನ್ನೊಂದಿಲ್ಲ. ಕೊಲಾಜೆನ್ ಎಳೆಗಳು ತೆಂಗಿನ ನಾರಿನ ಹಗ್ಗದಂತೆ ಕಟ್ಟುಕಟ್ಟಾಗಿ ಹೊಸೆದುಕೊಂಡಿರುತ್ತವೆ. ಓಡುವಾಗ ಇದರ ಮೇಲೆ ದೇಹದ ತೂಕದ ಹಲವು ಪಟ್ಟು ಎಳೆತ ಬೀಳುತ್ತದೆ. ಹರಿಯುವುದು ಹೆಚ್ಚಾಗಿ ಹಿಮ್ಮಡಿಯಿಂದ 2ರಿಂದ 6 ಸೆಂಟಿಮೀಟರ್ ಮೇಲೆ. ಅಲ್ಲಿ ರಕ್ತದ ಪೂರೈಕೆ ತೀರಾ ಕಡಿಮೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದಕ್ಕೆ ದಾರಿ ಮಾಡಿಕೊಡುವ ಒಂದು ಹೆಜ್ಜೆಯಿದೆ. ಆಟಗಾರ ಒಂದು ಕಾಲನ್ನು ಹಿಂದಕ್ಕೆ ಊರಿ, ಅದೇ ಕಾಲಿನಿಂದ ತಕ್ಷಣ ಮುಂದಕ್ಕೆ ಜಿಗಿಯುತ್ತಾನೆ. ಪಾದ ಮೇಲಕ್ಕೆ ಮಡಿದು ರಜ್ಜು ಹಿಗ್ಗುತ್ತಿರುವಾಗಲೇ ಮೀನಖಂಡ ಪೂರ್ಣ ಬಲದಿಂದ ಸೆಳೆದುಕೊಳ್ಳುತ್ತದೆ. ಹಿಂದಿನಿಂದ ಯಾರೋ ಒದ್ದಂತಾಯಿತು ಎಂದು ಅನೇಕರು ಹೇಳುವುದು ಈ ಕ್ಷಣವನ್ನೇ.

ಅಂಗಳದ ಪಕ್ಕದಲ್ಲಿಯೇ ಇದನ್ನು ಪತ್ತೆ ಮಾಡಬಹುದು. ಆಟಗಾರನನ್ನು ಬೋರಲು ಮಲಗಿಸಿ, ಪಾದ ಮಂಚದ ಅಂಚಿನಿಂದ ಆಚೆ ಇರುವಂತೆ ಬಿಟ್ಟು ಮೀನಖಂಡವನ್ನು ಅಮುಕುತ್ತಾರೆ. ರಜ್ಜು ಗಟ್ಟಿಯಾಗಿದ್ದರೆ ಬೆರಳುಗಳು ತುಸು ಕೆಳಮುಖವಾಗಿ ಬಾಗುತ್ತವೆ. ಪೂರ್ತಿ ಹರಿದಿದ್ದರೆ ಪಾದ ಅಲುಗುವುದಿಲ್ಲ. ಸ್ಕ್ಯಾನ್ ಆಮೇಲಿನ ಮಾತು.

ವಯಸ್ಸು ಇಲ್ಲಿ ಏಕೆ ಇಷ್ಟು ಮುಖ್ಯ? 1950-60ರ ದಶಕಗಳ ಪರಮಾಣು ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಪ್ರಮಾಣ ಒಮ್ಮೆಲೇ ಏರಿ, ನಂತರ ಇಳಿಯುತ್ತಾ ಬಂತು. ಆ ಏರಿಳಿತವನ್ನೇ ತಾರೀಕಿನ ಮುದ್ರೆಯಾಗಿ ಬಳಸಿದ ಡೆನ್ಮಾರ್ಕ್‌ನ ಸಂಶೋಧಕರು 2013ರಲ್ಲಿ ಒಂದು ಅಚ್ಚರಿಯ ಸಂಗತಿ ಪ್ರಕಟಿಸಿದರು. ಅಕಿಲೀಸ್ ರಜ್ಜುವಿನ ಒಳತಿರುಳು ಬದುಕಿನ ಮೊದಲ 17 ವರ್ಷಗಳಲ್ಲಿ ಬೆಳೆಯುತ್ತದೆ. ಆಮೇಲೆ ಹೆಚ್ಚುಕಡಿಮೆ ನವೀಕರಣವೇ ಇಲ್ಲ. ಸ್ನಾಯು ಹೊಸದಾಗುತ್ತಲೇ ಇರುತ್ತದೆ, ಮೂಳೆಯೂ ನಿಧಾನವಾಗಿ ಹೊಸದಾಗುತ್ತದೆ. 34ರ ಆಟಗಾರ ಮಾತ್ರ ಹದಿಹರೆಯದ ರಜ್ಜುವಿನ ಮೇಲೆಯೇ ಸಾವಿರಾರು ಜಿಗಿತಗಳ ಭಾರ ಹಾಕಿರುತ್ತಾನೆ.

ಶಸ್ತ್ರಚಿಕಿತ್ಸೆಯಲ್ಲಿ ಹರಿದ ಎರಡು ತುದಿಗಳನ್ನು ಹತ್ತಿರ ತಂದು ಹೊಲಿಯುತ್ತಾರೆ. ಹಿಮ್ಮಡಿಯಡಿ ಬೆಣೆಗಳಿರುವ ಬೂಟಿನಲ್ಲಿ ಪಾದವನ್ನು ಕೆಳಮುಖವಾಗಿ ಹಿಡಿದಿಟ್ಟು, ವಾರಗಳು ಕಳೆದಂತೆ ಒಂದೊಂದೇ ಬೆಣೆ ತೆಗೆಯುತ್ತಾರೆ. ಬೂಟಿನ ವಾಸ ಸಾಮಾನ್ಯವಾಗಿ 6ರಿಂದ 8 ವಾರ. ಮೊದಲಿಗೆ ಹುಟ್ಟುವುದು ದುರ್ಬಲವಾದ, ಅಡ್ಡಾದಿಡ್ಡಿ ಹೆಣೆದ ಕೊಲಾಜೆನ್. ಅದು ಎಳೆತದ ದಿಕ್ಕಿಗೆ ಸಾಲುಗೂಡಿ ಗಟ್ಟಿಯಾಗಲು ವರ್ಷವೇ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಈ ಅವಧಿಯಲ್ಲಿ ರಜ್ಜು ಮತ್ತೆ ಹರಿಯುವುದಕ್ಕಿಂತ ದೊಡ್ಡ ತೊಂದರೆ, ಅದು ಸದ್ದಿಲ್ಲದೆ ಉದ್ದವಾಗುವುದು. ಆರಂಭದ ತಿಂಗಳುಗಳಲ್ಲಿ ಅತಿಯಾಗಿ ಹಿಗ್ಗಿಸಿದರೆ ಗಾಯದ ಅಂಗಾಂಶ ಜಗ್ಗುತ್ತದೆ. ಒಂದೆರಡು ಸೆಂಟಿಮೀಟರ್ ಉದ್ದವಾದರೂ ಮೀನಖಂಡ ತನ್ನ ಬಲವನ್ನು ಪೂರ್ತಿ ಪಾದಕ್ಕೆ ದಾಟಿಸಲಾರದು. ನೋವಿಲ್ಲ, ಓಟ ಸರಿಯಾಗಿಯೇ ಕಾಣುತ್ತದೆ, ಮೊದಲ ಚಿಮ್ಮು ಮಾತ್ರ ಮಾಯ. ಲಿಲ್ಲಾರ್ಡ್‌ರಂತೆ ಒಂದು ಹೆಜ್ಜೆಯ ವೇಗದಲ್ಲಿ ಎದುರಾಳಿಯನ್ನು ದಾಟಿ ದೂರದಿಂದ ಶಾಟ್ ಹೊಡೆಯುವ ಗಾರ್ಡ್‌ಗೆ (ಚೆಂಡು ನಡೆಸುವ ಆಟಗಾರ) ಆ ಚಿಮ್ಮೇ ಬಂಡವಾಳ.

ಇದನ್ನು ಅಳೆಯುವ ಸರಳ ಪರೀಕ್ಷೆಯೂ ಇದೆ: ಒಂಟಿ ಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತುವುದು. ಎಷ್ಟು ಸಲ ಎಂಬುದಷ್ಟೇ ಸಾಲದು, ಎಷ್ಟು ಎತ್ತರ ಎಂಬುದನ್ನೂ ಎರಡೂ ಕಾಲುಗಳಲ್ಲಿ ಹೋಲಿಸಬೇಕು. 25 ಸಲ ಎತ್ತಿಯೂ ಎತ್ತರ ಕಡಿಮೆಯಿದ್ದರೆ ರಜ್ಜು ಉದ್ದವಾಗಿರುವ ಸಾಧ್ಯತೆ ಹೆಚ್ಚು. ತಂಡದ ಆಡಳಿತ ಕೇಳಬೇಕಾದ ಅಂಕಿ ಇದೇ. 'ಯಾವ ತಿಂಗಳು ಮರಳುತ್ತಾನೆ' ಎಂಬ ಪ್ರಶ್ನೆಗೆ 9ರಿಂದ 12 ತಿಂಗಳು ಎಂಬ ಸಿದ್ಧ ಉತ್ತರ ಸಿಗುತ್ತದೆ. ಆ ಉತ್ತರದ ಮೇಲೆ ತಂಡ ಕಟ್ಟಲಾಗುವುದಿಲ್ಲ.

ಹಳೆಯ ಉದಾಹರಣೆಗಳೂ ಒಂದೇ ದಾರಿ ತೋರುವುದಿಲ್ಲ. ಡಾಮಿನಿಕ್ ವಿಲ್ಕಿನ್ಸ್ 1992ರ ಜನವರಿಯಲ್ಲಿ 32ರ ವಯಸ್ಸಿನಲ್ಲಿ ಇದೇ ರಜ್ಜು ಹರಿದುಕೊಂಡು, ಮುಂದಿನ ಋತುವಿನಲ್ಲಿ ಪಂದ್ಯಕ್ಕೆ 29.9 ಅಂಕ ಗಳಿಸಿದರು. ಕೆವಿನ್ ಡ್ಯುರಾಂಟ್ 2019ರ ಜೂನ್‌ನಲ್ಲಿ ಗಾಯಗೊಂಡು 2019-20ರ ಇಡೀ ಋತುವನ್ನು ಬಿಟ್ಟು, ಮರಳಿ 26.9ರ ಸರಾಸರಿ ಕಂಡರು. ಕೋಬಿ ಬ್ರಯಂಟ್ ಕಥೆ ಬೇರೆ. 2013ರ ಏಪ್ರಿಲ್ 10ರಂದು ಅವರು ಪೋರ್ಟ್‌ಲ್ಯಾಂಡ್‌ನಲ್ಲಿ 48 ನಿಮಿಷವೂ ಆಡಿ 47 ಅಂಕ ಗಳಿಸಿದರು. ಎರಡು ದಿನ ಕಳೆದು ರಜ್ಜು ಹರಿಯಿತು. ಅವರಿಗೂ ಆಗ 34. ಲೇಕರ್ಸ್ ತಂಡ ನವೆಂಬರ್‌ನಲ್ಲಿ, ಅವರು ಒಂದು ಪಂದ್ಯವನ್ನೂ ಆಡುವ ಮೊದಲೇ, ಎರಡು ವರ್ಷಕ್ಕೆ 4.85 ಕೋಟಿ ಡಾಲರ್‌ನ ಹೊಸ ಒಪ್ಪಂದ ಬರೆದುಕೊಟ್ಟಿತು. ಡಿಸೆಂಬರ್ 8ಕ್ಕೆ ಮರಳಿದ ಬ್ರಯಂಟ್ ಆರೇ ಪಂದ್ಯಗಳಲ್ಲಿ ಎಡ ಮೊಣಕಾಲಿನ ಮೂಳೆ ಮುರಿದುಕೊಂಡು ಆ ಋತುವಿನಿಂದಲೇ ಹೊರಬಿದ್ದರು. ಒಪ್ಪಂದದ ಮೊದಲ ವರ್ಷದಲ್ಲಿ ಆಡಿದ್ದು 35 ಪಂದ್ಯ. ಅವರ ಮೇಲಿನ ಗೌರವ ನಿಜವಾದದ್ದು. ಆದರೆ ಕಾಲು ಪರೀಕ್ಷೆಗೆ ಒಳಪಡುವ ಮೊದಲೇ ಸಂಬಳ ನಿಗದಿಯಾಯಿತು.

ಈಗ ಸಂಬಳದ ಲೆಕ್ಕ. ಎನ್‌ಬಿಎ ತಂಡದಲ್ಲಿ ಸಾಮಾನ್ಯ ಒಪ್ಪಂದದ ಸ್ಥಾನಗಳು 15, ಜೊತೆಗೆ ಮೂರು ಟೂ-ವೇ ಸ್ಥಾನ (ಕೆಳಹಂತದ ಲೀಗ್‌ನಲ್ಲೂ ಆಡುವವರಿಗೆ). ಗಾಯಾಳುವೂ ಆ 15ರಲ್ಲಿ ಒಬ್ಬನೇ. ಅವನ ಸಂಬಳ ಸ್ಯಾಲರಿ ಕ್ಯಾಪ್‌ನಲ್ಲಿ, ಅಂದರೆ ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕುವ ಮಿತಿಯ ಲೆಕ್ಕದಲ್ಲಿ, ಹಾಗೇ ಉಳಿಯುತ್ತದೆ. ವಿಮೆಯ ಹಣ ಬಂದರೂ ಅದು ಮಾಲೀಕರಿಗೆ ಆಸರೆ, ಕ್ಯಾಪ್‌ನಲ್ಲಿ ಒಂದು ಡಾಲರ್ ಕೂಡ ಕಳೆಯುವುದಿಲ್ಲ. ಆಟಗಾರನ ವೃತ್ತಿಯೇ ಮುಗಿದರೆ ಮಾತ್ರ ಬೇರೆ ನಿಯಮ: ರಕ್ತ ಹೆಪ್ಪುಗಟ್ಟುವ ತೊಂದರೆಯಿಂದ ಆಟ ಬಿಡಬೇಕಾಗಿ ಬಂದ ಕ್ರಿಸ್ ಬಾಶ್ ಅವರ ಸಂಬಳ 2017ರಲ್ಲಿ ಮಿಯಾಮಿ ತಂಡದ ಕ್ಯಾಪ್‌ನಿಂದ ಇಳಿಯಿತು. ಅಕಿಲೀಸ್ ಗಾಯ ವಾಸಿಯಾಗುವಂಥದ್ದು, ಆ ಬಾಗಿಲು ಇದಕ್ಕೆ ತೆರೆಯುವುದಿಲ್ಲ.

ಲಿಲ್ಲಾರ್ಡ್‌ರನ್ನು ಉಳಿಸಿಕೊಂಡಿದ್ದರೆ ಮಿಲ್ವಾಕಿಗೆ ಏನು ಸಿಗುತ್ತಿತ್ತು? ಆಟಗಾರ ಜೂನ್ 15ರವರೆಗೆ ಆಡುವ ಸಂಭವ ಬಲು ಕಡಿಮೆ ಎಂದು ಲೀಗ್ ನೇಮಿಸಿದ ವೈದ್ಯರು ಒಪ್ಪಿದರೆ 'ಡಿಸೇಬಲ್ಡ್ ಪ್ಲೇಯರ್ ಎಕ್ಸೆಪ್ಷನ್', ಅಂದರೆ ಕ್ಯಾಪ್ ಮೀರಿ ಬದಲಿ ಆಟಗಾರನನ್ನು ತರುವ ಅನುಮತಿ, ದೊರೆಯುತ್ತದೆ. ಅದರ ಮೊತ್ತ ಗಾಯಾಳುವಿನ ಸಂಬಳದ ಅರ್ಧ ಅಥವಾ ಮಿಡ್-ಲೆವೆಲ್ ಎಕ್ಸೆಪ್ಷನ್ (ಕ್ಯಾಪ್ ಮೀರಿದ ತಂಡಗಳಿಗೂ ಮಧ್ಯಮ ಸಂಬಳದ ಆಟಗಾರನಿಗಾಗಿ ಸಿಗುವ ಮೊತ್ತ), ಎರಡರಲ್ಲಿ ಕಡಿಮೆ ಯಾವುದೋ ಅದು. 2025-26ಕ್ಕೆ ಅವರ ಸಂಬಳ ಸುಮಾರು 5.41 ಕೋಟಿ, ಅರ್ಧವೆಂದರೆ 2.7 ಕೋಟಿ. ಮಿಡ್-ಲೆವೆಲ್ 1.41 ಕೋಟಿ. ಹಾಗಾಗಿ ಸಿಗುವುದು 1.41 ಕೋಟಿಯೇ. ಅದೂ ಒಬ್ಬನೇ ಆಟಗಾರನಿಗೆ, ಒಂದೇ ವರ್ಷಕ್ಕೆ. ಅರ್ಜಿಗೆ ಜನವರಿ 15, ಬಳಕೆಗೆ ಮಾರ್ಚ್ 10 ಕೊನೆಯ ದಿನ. ಈ ಎಕ್ಸೆಪ್ಷನ್ ಹದಿನಾರನೇ ಸ್ಥಾನ ಕೊಡುವುದಿಲ್ಲ, ಲಕ್ಸುರಿ ಟ್ಯಾಕ್ಸ್‌ನಿಂದ (ಸಂಬಳದ ಮೊತ್ತ ಅತಿಯಾದಾಗ ಲೀಗ್‌ಗೆ ಕಟ್ಟುವ ದಂಡ) ವಿನಾಯಿತಿಯನ್ನೂ ಕೊಡುವುದಿಲ್ಲ. ಇದನ್ನು ಪರಿಹಾರ ಎಂದು ಬಗೆಯುವ ಅಭಿಮಾನಿಗಳು ಈ ಎರಡು ಮಾತನ್ನು ಮರೆಯುತ್ತಾರೆ.

ಮಿಲ್ವಾಕಿಯ ಕೈ ಇನ್ನೊಂದು ಕಡೆಯಿಂದಲೂ ಕಟ್ಟಿಹೋಗಿತ್ತು. 2023ರಲ್ಲಿ ಲಿಲ್ಲಾರ್ಡ್‌ರನ್ನು ತರಲು ಅದು 2029ರ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಯನ್ನೂ (ಹೊಸ ಆಟಗಾರರನ್ನು ಆರಿಸುವ ಸರದಿ, ಸೋತ ತಂಡಗಳಿಗೆ ಮುಂಚಿನ ಸ್ಥಾನ), 2028 ಮತ್ತು 2030ರ ಅದಲುಬದಲಿನ ಹಕ್ಕನ್ನೂ ಅವರ ಆಗಿನ ತಂಡ ಪೋರ್ಟ್‌ಲ್ಯಾಂಡ್‌ಗೆ ಕೊಟ್ಟಿತ್ತು. ಬೇಕೆಂದೇ ಸೋತು ಮೇಲಿನ ಡ್ರಾಫ್ಟ್ ಆಯ್ಕೆ ಪಡೆಯುವ ದಾರಿ ಇರಲಿಲ್ಲ. ತಂಡದ ಮುಖ್ಯ ತಾರೆ ಯಾನ್ನಿಸ್ ಅಂಟೆಟೊಕೌಂಪೊ ಮೂವತ್ತು ದಾಟಿದ್ದರು. ಒಂದು ವರ್ಷ ಕಾಯುವುದೆಂದರೆ ಅವರ ಒಳ್ಳೆಯ ವರ್ಷವೊಂದನ್ನು ಖರ್ಚು ಮಾಡುವುದು.

ಹಾಗಾಗಿ ಜುಲೈ ಆರಂಭದಲ್ಲಿ ಬಕ್ಸ್ ತಂಡ ಲಿಲ್ಲಾರ್ಡ್‌ರನ್ನು ಕೈಬಿಟ್ಟು 'ಸ್ಟ್ರೆಚ್' ನಿಯಮ ಬಳಸಿತು. ಉಳಿದ ವರ್ಷಗಳ ಎರಡು ಪಟ್ಟಿಗೆ ಒಂದು ಕೂಡಿಸಿ, ಅಷ್ಟು ವರ್ಷಗಳಿಗೆ ಬಾಕಿಯನ್ನು ಹಂಚುವ ನಿಯಮ ಅದು. ಉಳಿದದ್ದು ಎರಡು ವರ್ಷ, ಆದ್ದರಿಂದ ಐದು ಕಂತು. ಒಂದೊಂದು ಕಂತು ಸುಮಾರು 2.25 ಕೋಟಿ ಡಾಲರ್. ಹೀಗೆ ಹಿಗ್ಗಿಸಿದ ಹಣ ಕ್ಯಾಪ್‌ನ 15% ದಾಟುವಂತಿಲ್ಲ. 2025-26ರ ಕ್ಯಾಪ್ 15.46 ಕೋಟಿ, ಅದರ 15% ಎಂದರೆ 2.32 ಕೋಟಿ. ಕೂದಲೆಳೆಯಲ್ಲಿ ಮಿತಿಯೊಳಗೆ ಉಳಿದ ಲೆಕ್ಕ. ಆಗಸ್ಟ್ 31ರ ನಂತರ ಕೈಬಿಟ್ಟರೆ ಚಾಲ್ತಿ ವರ್ಷದ ಸಂಬಳ ಹಂಚಿಹೋಗುವುದಿಲ್ಲ. ಆತುರಕ್ಕೆ ಅದೂ ಕಾರಣ, ಜುಲೈನಲ್ಲೇ ಒಳ್ಳೆಯ ಆಟಗಾರರು ಸಹಿ ಹಾಕಿ ಮುಗಿಸುತ್ತಾರೆ ಎಂಬುದು ಇನ್ನೂ ದೊಡ್ಡ ಕಾರಣ.

ಬಿಡುವಾದ ಜಾಗದಲ್ಲಿ ಇಂಡಿಯಾನಾದ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ) ಮೈಲ್ಸ್ ಟರ್ನರ್ ಬಂದರು, ನಾಲ್ಕು ವರ್ಷಕ್ಕೆ 11 ಕೋಟಿಯ ಸಮೀಪದ ಒಪ್ಪಂದ. ಟರ್ನರ್ ಸಂಬಳಕ್ಕೆ ಲಿಲ್ಲಾರ್ಡ್ ಕಂತನ್ನೂ ಸೇರಿಸಿ ನೋಡಿದರೆ, ಒಬ್ಬ ಆಟಗಾರನಿಗಾಗಿ ಕ್ಯಾಪ್‌ನಿಂದ ವರ್ಷಕ್ಕೆ ಸುಮಾರು 4.8 ಕೋಟಿ ಹೋಗುತ್ತದೆ. ಬಕ್ಸ್ ಮಾಡಿದ್ದು ದುಬಾರಿ ಕೆಲಸ ಎಂದೇ ನನ್ನ ಅಭಿಪ್ರಾಯ. ಆದರೂ ಅರ್ಥವಿಲ್ಲದ್ದಲ್ಲ: ಕ್ಯಾಪ್ ವರ್ಷಕ್ಕೆ 7%ರಂತೆ ಬೆಳೆದರೆ, ಮೊದಲ ವರ್ಷ 14.5% ನುಂಗುವ ಅದೇ ಕಂತು ಐದನೇ ವರ್ಷಕ್ಕೆ 11%ಕ್ಕೆ ಇಳಿಯುತ್ತದೆ.

ಹಣದಿಂದ ಸ್ಥಾನ ತುಂಬಿದರೂ ನಿಮಿಷಗಳು ತುಂಬಬೇಕಲ್ಲ. ಒಂದು ಪಂದ್ಯದಲ್ಲಿ ತಂಡವೊಂದು ಹಂಚಬೇಕಾದ ನಿಮಿಷಗಳು 240. ಅದರಲ್ಲಿ 36 ಖಾಲಿಯಾದಾಗ ಸೆಂಟರ್ ಬಂದು ಅದನ್ನು ತುಂಬಲಾರ. ಕೆವಿನ್ ಪೋರ್ಟರ್ ಜೂನಿಯರ್, ರಯಾನ್ ರಾಲಿನ್ಸ್, ಕೋಲ್ ಆಂಥೋನಿಯಂಥ ಕಡಿಮೆ ಸಂಬಳದ ಗಾರ್ಡ್‌ಗಳಿಗೆ ಚೆಂಡು ಹಂಚಿ, ಉಳಿದ ಭಾರವನ್ನು ಯಾನ್ನಿಸ್ ಹೊರುವ ಯೋಜನೆ ಅದು. ಶಾಟ್‌ಗಳ ಸಂಖ್ಯೆ ಏರಿದಂತೆ ಹೆಚ್ಚಿನ ಆಟಗಾರರ ನಿಖರತೆ ಇಳಿಯುತ್ತದೆ. ಬದಲಿಯವನ ಹಳೆಯ ಶೇಕಡಾವಾರನ್ನು ಹೊಸ ಹೊಣೆಗೆ ಹಾಗೇ ಗುಣಿಸಿದವರು ಇಲ್ಲಿ ಮೋಸ ಹೋಗುತ್ತಾರೆ.

ಅದೇ ವರ್ಷದ ಮೇ 12ರಂದು ಬೋಸ್ಟನ್‌ನ ಜೇಸನ್ ಟೇಟಮ್‌ಗೂ ಇದೇ ಗಾಯವಾಯಿತು. ಅವರಿಗೆ 27 ವರ್ಷ, ಮುಂದೆ ಐದು ವರ್ಷದ ಒಪ್ಪಂದ. ಬೋಸ್ಟನ್ ಅವರನ್ನು ಮುಟ್ಟಲಿಲ್ಲ. ಬದಲಿಗೆ ಜ್ರೂ ಹಾಲಿಡೇ, ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಅವರನ್ನು ಕಳಿಸಿ ಸಂಬಳದ ಭಾರ ಇಳಿಸಿತು. ಒಪ್ಪಂದದ ಒಂದು ವರ್ಷ ಚೇತರಿಕೆಗೆ ಹೋದರೂ ನಾಲ್ಕು ಉಳಿಯುತ್ತವೆ. ಲಿಲ್ಲಾರ್ಡ್ ಒಪ್ಪಂದದಲ್ಲಿ ಒಂದು ಹೋದರೆ ಉಳಿಯುವುದು ಒಂದೇ, ಅದೂ 36ರ ವಯಸ್ಸಿನಲ್ಲಿ.

ಅದೇ ಕಾಲು ಪೋರ್ಟ್‌ಲ್ಯಾಂಡ್‌ನಲ್ಲಿ ಬೇರೆ ಬೆಲೆ ಪಡೆಯಿತು. ಹಳೆಯ ತಂಡ ಲಿಲ್ಲಾರ್ಡ್‌ಗೆ ಮೂರು ವರ್ಷಕ್ಕೆ 4.2 ಕೋಟಿಯ ಒಪ್ಪಂದ ಕೊಟ್ಟಿತು, ಮೊದಲ ವರ್ಷ ಚೇತರಿಕೆಗೇ ಮೀಸಲು ಎಂಬ ಅರಿವಿನಿಂದ. ಎಳೆಯರ ತಂಡಕ್ಕೆ ಕಾಯಲು ಸಮಯವಿತ್ತು, ವರ್ಷಕ್ಕೆ 1.4 ಕೋಟಿ ಎಂದರೆ ಮಿಡ್-ಲೆವೆಲ್‌ನಷ್ಟೇ ಭಾರ. ಅಲ್ಲಿನ ಯೋಜನೆಯಲ್ಲಿ ಇನ್ನು ಉಳಿಯುವ ಕೆಲಸ ತರಬೇತುದಾರ ಮತ್ತು ಫಿಸಿಯೋಗಳದ್ದು: ಮರಳಿದ ಮೊದಲ ವಾರಗಳಲ್ಲಿ 20 ನಿಮಿಷದ ಆಸುಪಾಸಿನ ಮಿತಿ, ಸತತ ಎರಡು ರಾತ್ರಿಯ ಪಂದ್ಯಗಳಲ್ಲಿ ಒಂದಕ್ಕೆ ವಿಶ್ರಾಂತಿ, ಹಿಮ್ಮಡಿ ಎತ್ತುವ ಎತ್ತರದ ನಿಯಮಿತ ಅಳತೆ, ಮತ್ತು ಅವರಿಲ್ಲದ ರಾತ್ರಿ ಚೆಂಡು ಹಿಡಿಯಬಲ್ಲ ಇನ್ನೊಬ್ಬ ಗಾರ್ಡ್‌ಗೆ 15ರೊಳಗೆ ಒಂದು ಸ್ಥಾನ.