ಎವಿಡೆನ್ಸ್ ಬೇಸ್ಡ್ ಮೆಡಿಸಿನ್: ವಾರ್ಡ್‌ನಲ್ಲೂ ಕಲಿಸಬೇಕಾ?

ಪ್ರಶ್ನೆ: ವೈದ್ಯಕೀಯ ವಿದ್ಯಾರ್ಥಿಗಳಿಗೆ ಎವಿಡೆನ್ಸ್ ಬೇಸ್ಡ್ ಮೆಡಿಸಿನ್ (ಸಂಶೋಧನೆಯ ಪುರಾವೆ ಹುಡುಕಿ, ತೂಗಿ ನೋಡಿ ಚಿಕಿತ್ಸೆ ನಿರ್ಧರಿಸುವುದು) ಬಗ್ಗೆ ತರಗತಿಯಲ್ಲೇ ಪಾಠ ಆಗಿರುತ್ತದೆ. ರೌಂಡ್ಸ್ ಗಡಿಬಿಡಿಯಲ್ಲಿ ಮತ್ತೆ ಕಲಿಸಬೇಕಾ? ಟೈಮ್ ಎಲ್ಲಿದೆ?

ಉತ್ತರ: ಕಲಿಸಬೇಕು. ಸ್ನಾತಕೋತ್ತರ ವೈದ್ಯರಿಗೆ ಇದನ್ನು ಕಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆಯೊಂದು 2004ರಲ್ಲಿ ಬಂತು. ಬರೀ ತರಗತಿ ಪಾಠದಿಂದ ತಿಳಿವಳಿಕೆ ಹೆಚ್ಚಿತ್ತು, ಅಷ್ಟೇ. ರೋಗಿಯನ್ನು ನೋಡುತ್ತಾ ಕಲಿತವರಲ್ಲಿ ಕೌಶಲ, ಮನೋಭಾವ, ನಡವಳಿಕೆಯೂ ಬದಲಾಗಿದ್ದವು. ಎಳೆಯ ವಿದ್ಯಾರ್ಥಿಗಳ ವಿಷಯದಲ್ಲಿ ಇದು ಬೇರೆ ಥರ ಇರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಟೈಮ್ ಜಾಸ್ತಿ ಬೇಡ. ಒಂದು ರೌಂಡ್ಸ್‌ಗೆ ಒಂದೇ ಪ್ರಶ್ನೆ ಸಾಕು. ಕಿವಿನೋವಿನ ಮಗು ಬಂದಿದೆ ಅಂದುಕೊಳ್ಳಿ. ‘ಆಂಟಿಬಯಾಟಿಕ್ ಒಳ್ಳೆಯದಾ?’ ಅಂತ ವಿದ್ಯಾರ್ಥಿ ಕೇಳುತ್ತಾನೆ. ಹೀಗೆ ಕೇಳಿದರೆ ಏನೂ ಸಿಗಲ್ಲ. ಯಾವ ಮಗು, ಯಾವ ಔಷಧಿ, ಯಾವುದಕ್ಕೆ ಹೋಲಿಸಿ, ಯಾವ ಫಲ ಅಂತ ಬಿಡಿಸಿ ಕೇಳಲು ಹೇಳಿ. ‘ಮಧ್ಯಕಿವಿ ಸೋಂಕಿನ ಮಗುವಿಗೆ ಈಗಲೇ ಆಂಟಿಬಯಾಟಿಕ್ ಕೊಟ್ಟರೆ, ಕೊಡದೆ ಇರುವುದಕ್ಕಿಂತ ಬೇಗ ನೋವು ಇಳಿಯುತ್ತಾ?’ ಈಗ ಹುಡುಕಬಹುದು.

ಕಾಕ್ರೇನ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಮಾಡಿದ ವಿಮರ್ಶೆಯಲ್ಲಿ ಉತ್ತರ ಇದೆ. ಔಷಧಿ ಕೊಟ್ಟರೂ ಬಿಟ್ಟರೂ ಸುಮಾರು 60% ಮಕ್ಕಳಿಗೆ 24 ಗಂಟೆಯಲ್ಲಿ ನೋವು ಇಳಿದಿತ್ತು. ಎರಡು ಮೂರು ದಿನದ ಹೊತ್ತಿಗೆ ಒಂದು ಮಗುವಿಗೆ ಹೆಚ್ಚುವರಿ ಲಾಭ ಆಗಲು ಸುಮಾರು 20 ಮಕ್ಕಳಿಗೆ ಕೊಡಬೇಕು. ಔಷಧಿ ಪಡೆದ ಸುಮಾರು 14 ಮಕ್ಕಳಲ್ಲಿ ಒಂದಕ್ಕೆ ಆ ಔಷಧಿಯಿಂದಲೇ ಭೇದಿ, ವಾಂತಿ ಅಥವಾ ಚರ್ಮದ ದದ್ದು ಬರುತ್ತದೆ.

ಹಾಗಾದರೆ ಆಂಟಿಬಯಾಟಿಕ್ ಬೇಡ ಅನ್ನುವ ತೀರ್ಮಾನಕ್ಕೆ ವಿದ್ಯಾರ್ಥಿ ಹಾರಿಬಿಡುತ್ತಾನೆ. ಇಲ್ಲೇ ತಡೆಯಬೇಕು. ಎರಡು ವರ್ಷದ ಒಳಗಿನ ಮಗುವಿಗೆ ಎರಡೂ ಕಿವಿಗೆ ಸೋಂಕಿದ್ದರೆ, ಅಥವಾ ಕಿವಿ ಸೋರುತ್ತಿದ್ದರೆ ಲಾಭ ಹೆಚ್ಚು. ನಮ್ಮ ಮುಂದಿರುವ ಮಗು ಯಾವ ಗುಂಪಿನದು? ಅಮ್ಮ ಏನಂತಾರೆ? ಮಗುವನ್ನು ಮುಟ್ಟಿ ನೋಡದೆ, ಅಮ್ಮನ ಜೊತೆ ಮಾತಾಡದೆ ಇದಕ್ಕೆ ಉತ್ತರ ಇಲ್ಲ, ಅಲ್ವಾ?

ಹುಡುಕಾಟ ಕೈಗೆಟುಕುವಂತೆ ಇರಲಿ. ಎವಿಡೆನ್ಸ್ ಬೇಸ್ಡ್ ಮೆಡಿಸಿನ್‌ನ ಪ್ರವರ್ತಕರಲ್ಲೊಬ್ಬರಾದ ವೈದ್ಯ ಡೇವಿಡ್ ಸ್ಯಾಕೆಟ್ ಆಕ್ಸ್‌ಫರ್ಡ್‌ನಲ್ಲಿ ಕಂಪ್ಯೂಟರ್ ಇಟ್ಟ ಗಾಡಿಯೊಂದನ್ನು ರೌಂಡ್ಸ್‌ಗೆ ತಂದಿದ್ದರು. ಅದರ ವರದಿ 1998ರಲ್ಲಿ ಬಂತು. ಗಾಡಿ ತೆಗೆದ ಮೇಲೆ ಪುರಾವೆ ಬೇಕು ಅಂತ ವೈದ್ಯರಿಗೆ ಇನ್ನೂ ಹೆಚ್ಚು ಅನ್ನಿಸುತ್ತಿತ್ತು. ನಿಜಕ್ಕೂ ಹುಡುಕಿದ್ದು 12% ಸಲ ಮಾತ್ರ! ಈಗ ಆ ಗಾಡಿ ಎಲ್ಲರ ಜೇಬಿನಲ್ಲೇ ಇದೆ. ಕೊರತೆ ಇರುವುದು ‘ನಂಗೂ ಗೊತ್ತಿಲ್ಲ, ನೋಡೋಣ’ ಅನ್ನುವ ಸೀನಿಯರ್‌ಗಳದ್ದು. ನಾಳೆಯ ರೌಂಡ್ಸ್‌ನಲ್ಲಿ ಅದನ್ನು ಮೊದಲು ನೀವೇ ಹೇಳಿ. ಹುಡುಕಿದವನಿಗೆ ಮರುದಿನ ಅದೇ ಹಾಸಿಗೆ ಪಕ್ಕ ಎರಡು ನಿಮಿಷ ಕೊಡಿ.