ಯೂನಿಯನ್ ಬೆಂಬಲಿಸಿದ ಅಭ್ಯರ್ಥಿಗೇ ನಾನು ಮತ ಹಾಕಬೇಕೇ?

ಓದುಗರ ಪ್ರಶ್ನೆ: ನಾನು ಅಮೆರಿಕದಲ್ಲಿ ಖಾಸಗಿ ಆಸ್ಪತ್ರೆಯೊಂದರ ಉದ್ಯೋಗಿ. ನಮ್ಮ ಯೂನಿಯನ್ ಈ ಬಾರಿಯ ಸಿಟಿ ಕೌನ್ಸಿಲ್ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಬೆಂಬಲ ಘೋಷಿಸಿದೆ. ನನಗೆ ಅವರ ಎದುರಾಳಿಯೇ ಹೆಚ್ಚು ಯೋಗ್ಯರೆನಿಸುತ್ತಾರೆ. ಯೂನಿಯನ್ ಹೇಳಿದವರಿಗೇ ಮತ ಹಾಕಬೇಕೇ? ಹಾಕದಿದ್ದರೆ ನಾಳೆ ನನ್ನ ಕೆಲಸಕ್ಕೆ ಕುತ್ತು ಬಂದಾಗ ಅವರು ನನ್ನ ಪರವಾಗಿ ನಿಲ್ಲುತ್ತಾರೆಯೇ?

ಉತ್ತರ: ಹಾಕಬೇಕಾಗಿಲ್ಲ, ಅವರು ನಿಮ್ಮ ಪರವಾಗಿ ನಿಲ್ಲಲೇಬೇಕು. ನಿಜವಾಗಿ ಉತ್ತರ ಇಲ್ಲಿಗೇ ಮುಗಿಯಿತು. ಆದರೆ ಪ್ರತಿ ಚುನಾವಣೆ ಬಂದಾಗಲೂ ಇದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇರುತ್ತದೆ. ಹಿಂದೆ ಕೊಟ್ಟ ಉತ್ತರವನ್ನು ಓದಿದವರೇ ಮತ್ತೆ ಕೇಳುವುದನ್ನು ನೋಡಿದರೆ, ‘ಬೇಕಾಗಿಲ್ಲ’ ಎಂದಷ್ಟೇ ಹೇಳಿದರೆ ಸಾಲದು, ಏಕೆ ಬೇಕಾಗಿಲ್ಲ ಎಂಬುದನ್ನು ಬೇರುಮಟ್ಟದಿಂದ ಬಿಡಿಸಿ ಹೇಳಬೇಕೆಂದು ತೋರುತ್ತದೆ.

ಈ ತಪ್ಪು ತಿಳಿವಳಿಕೆಯ ಒಂದು ಬೇರು ಭಾರತದಲ್ಲಿದೆ. ನಾವು ಕಂಡು ಬೆಳೆದ ದೊಡ್ಡ ಕಾರ್ಮಿಕ ಸಂಘಟನೆಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ರಾಜಕೀಯ ಬಳಗದ ಜೊತೆ ಗುರುತಿಸಿಕೊಂಡವು: ಎಐಟಿಯುಸಿ ಎಂದರೆ ಸಿಪಿಐ, ಐಎನ್‌ಟಿಯುಸಿ ಎಂದರೆ ಕಾಂಗ್ರೆಸ್, ಸಿಐಟಿಯು ಎಂದರೆ ಸಿಪಿಎಂ, ಬಿಎಂಎಸ್ ಎಂದರೆ ಸಂಘ ಪರಿವಾರ. ಹೀಗಾಗಿ ಸಂಘದ ಸದಸ್ಯತ್ವವನ್ನೂ ಪಕ್ಷನಿಷ್ಠೆಯನ್ನೂ ಒಂದೇ ಎಂದು ಭಾವಿಸುವ ಅಭ್ಯಾಸ ನಮಗಾಗಿದೆ. ಅದಕ್ಕೆ ಶಾಸನಸಭೆಯ ‘ವಿಪ್’ ಎಂಬ ಪರಿಕಲ್ಪನೆಯೂ ಸೇರಿಕೊಂಡು, ಮೇಲಿನವರು ಹೇಳಿದ ಹಾಗೆ ಮತ ಹಾಕದಿದ್ದರೆ ಶಿಸ್ತುಕ್ರಮ ಖಚಿತ ಎಂಬ ನಂಬಿಕೆ ಗಟ್ಟಿಯಾಗಿದೆ. ಅಮೆರಿಕದ ಯೂನಿಯನ್‌ಗಳು ಒಂದು ಪಕ್ಷದ ಅಂಗಸಂಸ್ಥೆಗಳಲ್ಲ. ಅವುಗಳ ಒಲವು ಬಹುಪಾಲು ಡೆಮಾಕ್ರಟಿಕ್ ಪಕ್ಷದತ್ತ ಇರುವುದು ನಿಜವಾದರೂ, ನಗರದ ಮಟ್ಟದಲ್ಲಿ ಆ ಲೆಕ್ಕವೂ ಅನೇಕ ವೇಳೆ ಕೆಲಸಕ್ಕೆ ಬಾರದು. ಏಕೆಂದರೆ ಲಾಸ್ ಏಂಜಲೀಸ್, ಷಿಕಾಗೊ, ಸಿಯಾಟಲ್‌ಗಳಂಥ ಎಷ್ಟೋ ನಗರಗಳಲ್ಲಿ ಕೌನ್ಸಿಲ್ ಚುನಾವಣೆಯ ಮತಪತ್ರದ ಮೇಲೆ ಪಕ್ಷದ ಹೆಸರೇ ಇರುವುದಿಲ್ಲ.

ಹಾಗಾದರೆ ಬೆಂಬಲ ಘೋಷಣೆ ಎಂದರೇನು? ಅಭ್ಯರ್ಥಿಗಳಿಗೆ ಯೂನಿಯನ್ ಒಂದು ಪ್ರಶ್ನಾವಳಿ ಕಳುಹಿಸುತ್ತದೆ. ಕಸ ವಿಲೇವಾರಿಯನ್ನು ಖಾಸಗಿ ಗುತ್ತಿಗೆಗೆ ಕೊಡುವ ಪ್ರಸ್ತಾವ ಬಂದರೆ ನಿಮ್ಮ ಮತ ಯಾವ ಕಡೆ, ನಗರದ ಹಣದಿಂದ ಕಟ್ಟುವ ಕಟ್ಟಡಗಳಲ್ಲಿ ದುಡಿಯುವವರಿಗೆ ಯಾವ ದರದ ಕೂಲಿ ಸಿಗಬೇಕು, ಮುಷ್ಕರ ನಡೆದರೆ ಕಾರ್ಮಿಕರ ಜೊತೆ ಬಂದು ನಿಲ್ಲುವಿರಾ ಎಂಬ ಬಗೆಯ ಪ್ರಶ್ನೆಗಳು ಅದರಲ್ಲಿರುತ್ತವೆ. ಬರೆದು ಕೊಟ್ಟ ಉತ್ತರಗಳನ್ನು ಮುಂದಿಟ್ಟುಕೊಂಡು ಸದಸ್ಯರ ಸಮಿತಿಯೊಂದು ಅಭ್ಯರ್ಥಿಗಳನ್ನು ಸಂದರ್ಶಿಸುತ್ತದೆ. ಆಮೇಲೆ ಸಮಿತಿಯ ಶಿಫಾರಸು ಕಾರ್ಯಕಾರಿ ಮಂಡಳಿಯ ಅಥವಾ ಪ್ರತಿನಿಧಿಗಳ ಸಭೆಯ ಮುಂದೆ ಮತಕ್ಕೆ ಬರುತ್ತದೆ. ಹಲವು ಯೂನಿಯನ್‌ಗಳು ಕೂಡಿರುವ ಒಕ್ಕೂಟಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕೆಂಬ ನಿಯಮ ಸಾಮಾನ್ಯ, ಅಷ್ಟು ಮತ ಯಾರಿಗೂ ಬಾರದಿದ್ದರೆ ಯಾರಿಗೂ ಬೆಂಬಲವಿಲ್ಲ. ನ್ಯೂಯಾರ್ಕ್ ನಗರದಲ್ಲಿ 2021ರಿಂದ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲಿ ಐವರು ಅಭ್ಯರ್ಥಿಗಳವರೆಗೆ ಆದ್ಯತೆಯ ಕ್ರಮದಲ್ಲಿ ಗುರುತಿಸಲು ಅವಕಾಶವಿರುವುದರಿಂದ, ಅಲ್ಲಿ ಒಂದೇ ಯೂನಿಯನ್ ಒಬ್ಬರಿಗಿಂತ ಹೆಚ್ಚು ಜನರ ಹೆಸರನ್ನು ಸೂಚಿಸಬಹುದು.

ಇಷ್ಟೆಲ್ಲ ಆದ ಮೇಲೆ ಹೊರಬರುವುದು ಒಂದು ಸಲಹೆ ಮಾತ್ರ. ಸಂಸ್ಥೆಯಾಗಿ ಯೂನಿಯನ್ ತನ್ನ ಅಭಿಪ್ರಾಯ ಹೇಳುತ್ತದೆ, ಬಾಗಿಲು ಬಾಗಿಲಿಗೆ ಹೋಗಿ ಪ್ರಚಾರ ಮಾಡುವ ಸ್ವಯಂಸೇವಕರನ್ನು ಒದಗಿಸುತ್ತದೆ, ಕರಪತ್ರಗಳನ್ನು ಅಂಚೆಗೆ ಹಾಕುತ್ತದೆ. ಅಂಥ ಕರಪತ್ರದ ಕೆಳಗಿನ ಅಂಚನ್ನು ಒಮ್ಮೆ ಕಣ್ಣಿಗೆ ಹತ್ತಿರ ಹಿಡಿದು ನೋಡಿ: ಹಣ ಯಾರು ಕೊಟ್ಟರೆಂಬ ಸಾಲಿನ ಪಕ್ಕದಲ್ಲಿ, ಭೂತಗನ್ನಡಿ ಬೇಕೆನಿಸುವಷ್ಟು ಪುಟ್ಟದಾದ ಒಂದು ಮುದ್ರೆ ಇರುತ್ತದೆ. ಆ ಕಾಗದವನ್ನು ಯೂನಿಯನ್ ಕಾರ್ಮಿಕರಿರುವ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಲಾಗಿದೆ ಎಂಬುದಕ್ಕೆ ಅದೇ ಗುರುತು. ಕಾರ್ಮಿಕರ ಬೆಂಬಲ ಕೇಳಲು ಬಂದ ಅಭ್ಯರ್ಥಿಯ ಕರಪತ್ರದಲ್ಲಿ ಆ ಮುದ್ರೆ ಇಲ್ಲದಿದ್ದರೆ ಸಮಿತಿಯವರು ಅದನ್ನು ಗಮನಿಸದೆ ಬಿಡುವುದಿಲ್ಲ.

ಈಗ ಮೂಲ ಭಯಕ್ಕೆ ಬರುತ್ತೇನೆ. ‘ಯೂನಿಯನ್ ಬೆಂಬಲ ಎಂದರೆ ಆದೇಶ, ಮೀರಿದವರಿಗೆ ಶಿಕ್ಷೆ’ ಎಂಬ ಕಟ್ಟುಕತೆ ಎಷ್ಟು ಹಳೆಯದೋ ಅಷ್ಟೇ ಟೊಳ್ಳು. ಮೊದಲನೆಯದಾಗಿ, ನೀವು ಯಾರಿಗೆ ಮತ ಹಾಕಿದಿರಿ ಎಂಬುದು ಯೂನಿಯನ್‌ಗೆ ಗೊತ್ತಾಗುವುದೇ ಇಲ್ಲ. ಸರ್ಕಾರವೇ ಅಚ್ಚು ಹಾಕಿಸಿ ಕೊಡುವ ಮತಪತ್ರದಲ್ಲಿ ಗುಪ್ತವಾಗಿ ಗುರುತು ಹಾಕುವ ಪದ್ಧತಿ 1888ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕಾನೂನಾಯಿತು, ಕೆಲವೇ ವರ್ಷಗಳಲ್ಲಿ ದೇಶದ ಬಹುಭಾಗಕ್ಕೆ ಹಬ್ಬಿತು. ಅದಕ್ಕೂ ಮುಂಚೆ ಪಕ್ಷಗಳೇ ತಮ್ಮ ಬಣ್ಣದ ಚೀಟಿಗಳನ್ನು ಹಂಚುತ್ತಿದ್ದುದರಿಂದ ಯಾರು ಯಾವ ಚೀಟಿ ಹಾಕಿದರೆಂದು ನೋಡುತ್ತ ನಿಲ್ಲುವವರಿಗೆ ಅವಕಾಶವಿತ್ತು. ಮಾಲೀಕರು ಕಾರ್ಮಿಕರ ಮೇಲೆ ಒತ್ತಡ ಹೇರಲು ಸಾಧ್ಯವಾಗಿದ್ದೂ ಅದರಿಂದಲೇ. ಇಂದು ನೀವು ಮತ ಹಾಕಿದಿರೋ ಇಲ್ಲವೋ ಎಂಬ ಮಾಹಿತಿ ಮತದಾರರ ದಾಖಲೆಯಲ್ಲಿ ಇರುತ್ತದೆ, ಪ್ರಚಾರಕರು ಅದನ್ನು ಪಡೆಯುತ್ತಾರೆ. ‘ನೀವಿನ್ನೂ ಮತ ಹಾಕಿಲ್ಲ’ ಎಂದು ಅವರು ಕರೆ ಮಾಡಿದರೆ ಕಾರಣ ಅಷ್ಟೇ. ಯಾರಿಗೆ ಹಾಕಿದಿರಿ ಎಂಬುದು ಯಾವ ದಾಖಲೆಯಲ್ಲಿಯೂ ಇಲ್ಲ.

ಎರಡನೆಯದಾಗಿ, ಗುಟ್ಟಾಗಿಯೇ ಏಕೆ, ಬಹಿರಂಗವಾಗಿಯೂ ನೀವು ಯೂನಿಯನ್ ನಿಲುವನ್ನು ವಿರೋಧಿಸಬಹುದು. 1959ರ ಲ್ಯಾಂಡ್ರಮ್–ಗ್ರಿಫಿನ್ ಕಾಯ್ದೆಯ ಮೊದಲ ಭಾಗವನ್ನು ಸದಸ್ಯರ ಹಕ್ಕುಪತ್ರವೆಂದೇ ಕರೆಯುತ್ತಾರೆ. ಸಭೆಯಲ್ಲಿ ಮಾತನಾಡುವ, ಇತರ ಸದಸ್ಯರ ಜೊತೆ ಕೂಡುವ, ನಾಯಕತ್ವವನ್ನು ಟೀಕಿಸುವ ಹಕ್ಕನ್ನು ಅದು ಖಾಸಗಿ ವಲಯದ ಸದಸ್ಯರಿಗೆ ಸ್ಪಷ್ಟವಾಗಿ ಕೊಟ್ಟಿದೆ. ಎದುರಾಳಿ ಅಭ್ಯರ್ಥಿಯ ಫಲಕವನ್ನು ನಿಮ್ಮ ಮನೆಯ ಮುಂದೆ ನೆಟ್ಟರೆ ಅದು ನಿಮ್ಮ ಹಕ್ಕು. ಯೂನಿಯನ್ ಹೆಸರಿನಲ್ಲಿ ಆ ಅಭ್ಯರ್ಥಿಯ ಪರ ಪ್ರಚಾರ ಮಾಡುವುದು ಮಾತ್ರ ತಪ್ಪಾಗುತ್ತದೆ, ಏಕೆಂದರೆ ಆಗ ನೀವು ಸಂಸ್ಥೆಯ ಪರವಾಗಿ ಸುಳ್ಳು ಹೇಳಿದಂತಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಮತ್ತು ನೀವು ನಿಜವಾಗಿ ಕೇಳಿರುವುದೂ ಇದನ್ನೇ. ಕೆಲಸದ ಸ್ಥಳದ ಎಲ್ಲರ ಪರವಾಗಿ ಸಂಬಳ, ಕೆಲಸದ ಷರತ್ತುಗಳ ಬಗ್ಗೆ ಮಾಲೀಕರ ಜೊತೆ ಚೌಕಾಸಿ ಮಾಡುವ ಏಕೈಕ ಪ್ರತಿನಿಧಿಯೆಂದು ಕಾನೂನು ಯೂನಿಯನ್ನನ್ನು ಒಪ್ಪಿಕೊಂಡಿರುವಾಗ, ಆ ಅಧಿಕಾರದ ಜೊತೆಗೆ ಎಲ್ಲರನ್ನೂ ನ್ಯಾಯವಾಗಿ ಪ್ರತಿನಿಧಿಸುವ ಕರ್ತವ್ಯವೂ ಬರುತ್ತದೆ. ಈ ತತ್ತ್ವ ಹುಟ್ಟಿದ್ದು 1944ರ ಒಂದು ಮೊಕದ್ದಮೆಯಲ್ಲಿ. ರೈಲ್ವೆಯಲ್ಲಿ ಬೆಂಕಿ ಒಟ್ಟುತ್ತಿದ್ದ ಕಪ್ಪು ಕಾರ್ಮಿಕರನ್ನು ಯೂನಿಯನ್ ತನ್ನ ಸದಸ್ಯರನ್ನಾಗಿ ಸೇರಿಸಿಕೊಳ್ಳದೆ, ಅವರ ಕೆಲಸವನ್ನೇ ಕಿತ್ತುಕೊಳ್ಳುವ ಒಪ್ಪಂದವನ್ನು ಕಂಪನಿಯ ಜೊತೆ ಮಾಡಿಕೊಂಡಿತ್ತು. ಪ್ರತಿನಿಧಿಯಾದ ಸಂಸ್ಥೆ ತನ್ನ ಸದಸ್ಯರಲ್ಲದವರನ್ನೂ ತಾರತಮ್ಯವಿಲ್ಲದೆ ಪ್ರತಿನಿಧಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. 1967ರ ಇನ್ನೊಂದು ತೀರ್ಪು, ಮನಬಂದಂತೆ, ಪಕ್ಷಪಾತದಿಂದ ಅಥವಾ ದುರುದ್ದೇಶದಿಂದ ನಡೆದುಕೊಂಡರೆ ಯೂನಿಯನ್ ಆ ಕರ್ತವ್ಯವನ್ನು ಮುರಿದಂತೆ ಎಂದು ಸ್ಪಷ್ಟಪಡಿಸಿತು. ಚುನಾವಣೆಯಲ್ಲಿ ಬೇರೆಯವರನ್ನು ಬೆಂಬಲಿಸಿದರೆಂಬ ಕಾರಣಕ್ಕೆ ಒಬ್ಬರ ದೂರನ್ನು ಮೂಲೆಗೆ ಸರಿಸುವುದು ಆ ಪಕ್ಷಪಾತಕ್ಕೆ ಚೊಕ್ಕ ಉದಾಹರಣೆ. ಹಾಗೆ ಮಾಡಿದ ಯೂನಿಯನ್ ಮೇಲೆ ನೀವು ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಗೆ ದೂರು ಕೊಡಬಹುದು.

ಸದಸ್ಯರೆಲ್ಲ ಒಂದೇ ಕಡೆ ಮತ ಹಾಕುತ್ತಾರೆಂಬ ಕಲ್ಪನೆಯನ್ನು 2024ರ ಘಟನೆಯೊಂದು ಎಲ್ಲರ ಕಣ್ಣೆದುರೇ ಒಡೆದುಹಾಕಿತು. ಲಾರಿ ಚಾಲಕರೂ ಗೋದಾಮು ಕಾರ್ಮಿಕರೂ ಸೇರಿ ಸುಮಾರು 13 ಲಕ್ಷ ಸದಸ್ಯರಿರುವ ಟೀಮ್‌ಸ್ಟರ್ಸ್ ಯೂನಿಯನ್ ತನ್ನ ಸದಸ್ಯರ ಅಭಿಪ್ರಾಯ ಸಂಗ್ರಹಿಸಿದಾಗ, ಆನ್‌ಲೈನ್ ಮತದಾನದಲ್ಲಿ ಸುಮಾರು ಶೇಕಡ 60ರಷ್ಟು ಜನ ಡೊನಾಲ್ಡ್ ಟ್ರಂಪ್ ಪರವಾಗಿಯೂ ಶೇಕಡ 34ರಷ್ಟು ಜನ ಕಮಲಾ ಹ್ಯಾರಿಸ್ ಪರವಾಗಿಯೂ ಇದ್ದರು. ಆ ವರ್ಷದ ಸೆಪ್ಟೆಂಬರ್ 18ರಂದು ರಾಷ್ಟ್ರೀಯ ಮಂಡಳಿ ಯಾರಿಗೂ ಬೆಂಬಲವಿಲ್ಲವೆಂದು ಘೋಷಿಸಿತು. ಬೆನ್ನಿಗೇ ಅದೇ ಯೂನಿಯನ್ನಿನ ಹಲವು ಪ್ರಾದೇಶಿಕ ಘಟಕಗಳು ಹ್ಯಾರಿಸ್‌ಗೆ ಬೆಂಬಲ ಸೂಚಿಸಿದವು. ರಾಷ್ಟ್ರಾಧ್ಯಕ್ಷರ ಚುನಾವಣೆಯಲ್ಲಿಯೇ ಘಟಕಗಳೂ ಸದಸ್ಯರೂ ತಮ್ಮ ತಮ್ಮ ದಾರಿ ಹಿಡಿಯಬಹುದಾದರೆ, ವಾರ್ಡ್ ಮಟ್ಟದ ಚುನಾವಣೆಯಲ್ಲಿ ನೀವೊಬ್ಬರು ಬೇರೆ ಮತ ಹಾಕಿದ್ದಕ್ಕೆ ಯಾರು ಏನು ಮಾಡಿಯಾರು? ದಯವಿಟ್ಟು ಈ ಭಯವನ್ನು ಇಲ್ಲಿಗೇ ಬಿಡಿ.

‘ಹಾಗಿದ್ದರೂ ನನ್ನ ಚಂದಾ ಹಣ ಆ ಅಭ್ಯರ್ಥಿಗೆ ಹೋಗುತ್ತದಲ್ಲ’ ಎಂದು ಕೆಲವರು ಮುಂದಿನ ಪ್ರಶ್ನೆ ಹಾಕುತ್ತಾರೆ. ಸಂಸತ್ತು ಮತ್ತು ಅಧ್ಯಕ್ಷ ಸ್ಥಾನದ ಚುನಾವಣೆಗಳಲ್ಲಿ ಯೂನಿಯನ್ ತನ್ನ ಖಜಾನೆಯಿಂದ ಅಭ್ಯರ್ಥಿಗೆ ನೇರವಾಗಿ ಹಣ ಕೊಡುವುದನ್ನು 1947ರ ಟಾಫ್ಟ್–ಹಾರ್ಟ್ಲಿ ಕಾಯ್ದೆ ನಿಷೇಧಿಸಿತು. ಸದಸ್ಯರು ಸ್ವಇಚ್ಛೆಯಿಂದ ಕೊಟ್ಟ ಪ್ರತ್ಯೇಕ ನಿಧಿಯಿಂದ, ಅಂದರೆ ‘ಪ್ಯಾಕ್’ನಿಂದ, ಮಾತ್ರ ಕೊಡಬಹುದು. ಸಿಟಿ ಕೌನ್ಸಿಲ್‌ಗೆ ಅನ್ವಯಿಸುವುದು ರಾಜ್ಯದ ಮತ್ತು ನಗರದ ನಿಯಮ: ಕೆಲವು ಕಡೆ ಖಜಾನೆಯಿಂದ ಮಿತಿಯೊಳಗೆ ಕೊಡಬಹುದು, ಕೆಲವು ಕಡೆ ಕೊಡುವಂತಿಲ್ಲ. ರಾಜಕೀಯ ವೆಚ್ಚಕ್ಕೆ ನಿಮ್ಮ ಹಣ ಸೇರಬಾರದೆಂದಿದ್ದರೆ ಸದಸ್ಯತ್ವ ಬಿಡುವ ದಾರಿಯಿದೆ. ಖಾಸಗಿ ವಲಯದಲ್ಲಿ ಸದಸ್ಯರಲ್ಲದವರು ರಾಜಕೀಯದ ಪಾಲನ್ನು ಕೊಡಲು ನಿರಾಕರಿಸಬಹುದೆಂದು 1988ರ ಬೆಕ್ ತೀರ್ಪು ಹೇಳಿದೆ. ಸರ್ಕಾರಿ ನೌಕರರಾದರೆ, 2018ರ ಜೇನಸ್ ತೀರ್ಪಿನ ನಂತರ, ಸದಸ್ಯರಲ್ಲದವರು ಏನನ್ನೂ ಕೊಡಬೇಕಾಗಿಲ್ಲ.

ಇಲ್ಲಿ ನಮ್ಮವರಿಗೆ ಒಂದು ಎಚ್ಚರಿಕೆ. ಪ್ಯಾಕ್‌ಗೆ ಹಣ ಕೊಡಿರೆಂದು ಸಹೋದ್ಯೋಗಿ ಚೀಟಿ ಮುಂದಿಟ್ಟರೆ, ಎಚ್–1ಬಿ ಅಥವಾ ಬೇರೆ ತಾತ್ಕಾಲಿಕ ವೀಸಾದಲ್ಲಿರುವವರು ಸಹಿ ಹಾಕಬಾರದು. ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದವರು ರಾಷ್ಟ್ರ, ರಾಜ್ಯ, ನಗರ ಯಾವ ಮಟ್ಟದ ಚುನಾವಣೆಗೂ ದೇಣಿಗೆ ಕೊಡುವುದನ್ನು ಒಕ್ಕೂಟ ಸರ್ಕಾರದ ಕಾನೂನು ನಿಷೇಧಿಸಿದೆ. ಸಂಭಾವನೆಯಿಲ್ಲದೆ ಸ್ವಯಂಸೇವಕರಾಗಿ ದುಡಿಯಬಹುದು. ಚುನಾವಣೆಗೆ ಹಣ ಹೇಗೆ ಖರ್ಚಾಗಬೇಕೆಂಬ ನಿರ್ಧಾರದಲ್ಲಿ ಮಾತ್ರ ಪಾಲ್ಗೊಳ್ಳುವಂತಿಲ್ಲ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆಯೊಂದು ಉಳಿದಿದೆ. ನಗರಸಭೆಯ ನೌಕರರ ಯೂನಿಯನ್ನೇ ಕೌನ್ಸಿಲ್ ಅಭ್ಯರ್ಥಿಯನ್ನು ಬೆಂಬಲಿಸಿದರೆ, ನಾಳೆ ತಮ್ಮ ಸಂಬಳದ ಒಪ್ಪಂದಕ್ಕೆ ಮತ ಹಾಕುವವರನ್ನು ತಾವೇ ಆರಿಸಿಕೊಂಡಂತಾಗುವುದಿಲ್ಲವೇ? ಈ ಸಂದೇಹ ಹೊಸದಲ್ಲ. ಖಾಸಗಿ ಉದ್ಯಮದ ಚೌಕಾಸಿಯ ಪದ್ಧತಿಯನ್ನು ಸರ್ಕಾರಿ ಸೇವೆಗೆ ಹಾಗೆಯೇ ತರಲಾಗದೆಂದು ಕಾರ್ಮಿಕರ ಮಿತ್ರರೆನಿಸಿದ್ದ ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಅವರೇ 1937ರಲ್ಲಿ ಪತ್ರವೊಂದರಲ್ಲಿ ಬರೆದಿದ್ದರು. 1959ರಲ್ಲಿ ವಿಸ್ಕಾನ್ಸಿನ್ ರಾಜ್ಯ ಮೊದಲ ಬಾರಿಗೆ ಸ್ಥಳೀಯ ಸಂಸ್ಥೆಗಳ ನೌಕರರಿಗೆ ಯೂನಿಯನ್ ಮೂಲಕ ಚೌಕಾಸಿ ಮಾಡುವ ಹಕ್ಕನ್ನು ಕಾನೂನಿನ ಮೂಲಕ ಕೊಟ್ಟಿತು. ನಂತರ ಅನೇಕ ರಾಜ್ಯಗಳು ಅದೇ ಹಾದಿ ಹಿಡಿದವು.

ಸಂದೇಹ ನ್ಯಾಯವಾದದ್ದೇ ಎಂದು ನಾನು ಒಪ್ಪುತ್ತೇನೆ. ಆದರೆ ನಗರದಿಂದ ಗುತ್ತಿಗೆ ಪಡೆಯುವವರೂ ಕಟ್ಟಡ ಕಟ್ಟಲು ಅನುಮತಿ ಬೇಡುವವರೂ ಅದೇ ಅಭ್ಯರ್ಥಿಗಳ ಬಾಗಿಲು ತಟ್ಟುತ್ತಾರೆಂಬುದನ್ನು ಮರೆತು, ಕಸ ಎತ್ತುವವರ ಯೂನಿಯನ್ ಒಂದರ ಮೇಲೆಯೇ ಬೆರಳು ತೋರಿಸುವುದು ನ್ಯಾಯವಲ್ಲ. ಬೆಂಬಲ ಸಿಕ್ಕಿತೆಂದರೆ ಅಭ್ಯರ್ಥಿ ಕೈವಶವಾದರೆಂದೂ ಅಲ್ಲ. 1980ರಲ್ಲಿ ವಿಮಾನ ಸಂಚಾರ ನಿಯಂತ್ರಕರ ಯೂನಿಯನ್ ಪ್ಯಾಟ್ಕೊ, ರೊನಾಲ್ಡ್ ರೇಗನ್ ಅವರನ್ನು ಬೆಂಬಲಿಸಿತು. ಮರುವರ್ಷದ ಆಗಸ್ಟಿನಲ್ಲಿ ಅದು ಮುಷ್ಕರ ಹೂಡಿದಾಗ ಅದೇ ರೇಗನ್ 11,000ಕ್ಕೂ ಹೆಚ್ಚು ನಿಯಂತ್ರಕರನ್ನು ಕೆಲಸದಿಂದ ವಜಾ ಮಾಡಿದರು.

ಕೌನ್ಸಿಲ್‌ನ ಒಂದು ಸ್ಥಾನಕ್ಕಾಗಿ ಯೂನಿಯನ್‌ಗಳು ಇಷ್ಟು ಶ್ರಮಪಡುವುದಕ್ಕೆ ಕಾರಣವಿದೆ. ಲಾಸ್ ಏಂಜಲೀಸ್‌ನ ಕೌನ್ಸಿಲ್‌ನಲ್ಲಿ ಇರುವುದು ಕೇವಲ 15 ಸದಸ್ಯರು. ಅವರಲ್ಲೊಬ್ಬರಾದ ಹ್ಯೂಗೊ ಸೋಟೊ–ಮಾರ್ಟಿನೆಜ್ 2022ರಲ್ಲಿ ಗೆಲ್ಲುವ ಮುನ್ನ ಹೋಟೆಲ್ ಕಾರ್ಮಿಕರ ಯೂನಿಯನ್ ಸಂಘಟಕರಾಗಿದ್ದವರು. ಅದೇ ಕೌನ್ಸಿಲ್ 2025ರಲ್ಲಿ, ಹೋಟೆಲ್ ಮತ್ತು ವಿಮಾನ ನಿಲ್ದಾಣದ ಕಾರ್ಮಿಕರ ಕನಿಷ್ಠ ವೇತನವನ್ನು 2028ರ ಹೊತ್ತಿಗೆ ಗಂಟೆಗೆ 30 ಡಾಲರಿಗೆ ಏರಿಸುವ ನಿಯಮಕ್ಕೆ ಒಪ್ಪಿಗೆ ಕೊಟ್ಟಿತು. ನಿಮ್ಮ ನಗರದಲ್ಲಿ ಯಾವ ಅಭ್ಯರ್ಥಿಗೆ ಯಾರಿಂದ ಎಷ್ಟು ಹಣ ಬಂದಿದೆ ಎಂಬ ವಿವರ ನಗರದ ಅಥವಾ ರಾಜ್ಯದ ಚುನಾವಣಾ ಕಚೇರಿಯಲ್ಲಿ ಸಾರ್ವಜನಿಕ ದಾಖಲೆಯಾಗಿ ಸಿಗುತ್ತದೆ. ನಿಮ್ಮ ಯೂನಿಯನ್ ಬೆಂಬಲಿಸಿದವರ ಪಟ್ಟಿಯನ್ನೂ ನಿಮಗೆ ಯೋಗ್ಯರೆನಿಸಿದ ಎದುರಾಳಿಯ ಪಟ್ಟಿಯನ್ನೂ ಎರಡನ್ನೂ ತರಿಸಿಕೊಂಡು ಓದಿ. ಯೂನಿಯನ್ ಕಚೇರಿಗೆ ಹೋಗಿ ಅಭ್ಯರ್ಥಿಗಳು ತುಂಬಿ ಕೊಟ್ಟ ಪ್ರಶ್ನಾವಳಿಯನ್ನು ತೋರಿಸಿರೆಂದು ಕೇಳಿ, ಮುಂದಿನ ಬಾರಿ ಸಂದರ್ಶನ ಸಮಿತಿಯಲ್ಲಿ ನನಗೂ ಒಂದು ಕುರ್ಚಿ ಕೊಡಿ ಎಂದೂ ಕೇಳಿ.